ಅಂಗೈಯಗಲ ರಬ್ಬರಿನ ಮೇಲೆ ಇಡೀ ಸಂಸಾರ

ಮೇ ತಿಂಗಳ ಕೊನೆಯ ಭಾನುವಾರ. ನೆರೆಮನೆಯವರು ತಮ್ಮ ಕಾರನ್ನು ನಮ್ಮ ಅಂಗಳಕ್ಕೇ ತಂದು ನಿಲ್ಲಿಸಿದರು. ಜೀಪಿನ ಎತ್ತರ, ಕಾರಿನ ಒಡಲು. ಈಗ ಎಲ್ಲರೂ ‘ಕಾಂಪ್ಯಾಕ್ಟ್ ಎಸ್‌ಯುವಿ’ ಎಂದು ಕರೆಯುವ ಜಾತಿಯ ವಾಹನ. ಕೊಂಡು ಐದು ವರ್ಷವಾಗಿದೆ, 42 ಸಾವಿರ ಕಿಲೋಮೀಟರ್ ಓಡಿದೆ.

“ಮಾಷ್ಟ್ರೆ, ಟಯರ್ ಒಂದ್ಸಲ ಕಾಣಿ. ಎದ್ರಿನ ಬಟನ್ ಸವ್ದಿತ್ತ್, ಹೌದು. ಆದ್ರೆ ಇನ್ನೂ ಗೀರ್ ಕಾಂತಿತ್ತಲ್ದೆ? ಈ ಮಳೆಗಾಲ ಒಂದ್ ಕಳಿಲಿ, ದೀಪಾವಳಿಗೆ ಹಾಕ್ರೆ ಸಾಕಲ್ದೆ?” ಎಂದು ಕೇಳಿದರು.

ಅವರ ಕಷ್ಟ ನನಗೆ ಗೊತ್ತಿತ್ತು. ಮಗಳು ಎಸ್ಸೆಸ್ಸೆಲ್ಸಿ ಮುಗಿಸಿ ಕುಂದಾಪುರದಲ್ಲಿ ಪಿಯುಸಿಗೆ ಸೇರುತ್ತಿದ್ದಾಳೆ. ಶುಲ್ಕ, ಪುಸ್ತಕ, ಸಮವಸ್ತ್ರ ಎಲ್ಲ ಒಟ್ಟಿಗೇ ಬಂದಿವೆ. ಇನ್ನೊಂದು ಕಡೆ, ಬೆಂಗಳೂರಿನಲ್ಲಿರುವ ಸೋದರಳಿಯನ ಉಪದೇಶ: “ಹಾಕುವುದಾದರೆ ಅಗಲದ ಟಯರೇ ಹಾಕಿ ಮಾವ, ಗಾಡಿ ಗಟ್ಟಿ ನಿಲ್ಲುತ್ತದೆ, ಚಂದವೂ ಕಾಣುತ್ತದೆ.”

ಹೀಗೆ ನಮ್ಮ ಮುಂದೆ ಎರಡು ಪ್ರಶ್ನೆಗಳು. ಯಾವಾಗ ಬದಲಾಯಿಸಬೇಕು? ಯಾವುದನ್ನು ಹಾಕಬೇಕು? ಎರಡಕ್ಕೂ ಉತ್ತರ ಪ್ರೌಢಶಾಲೆಯ ಭೌತವಿಜ್ಞಾನದಲ್ಲೇ ಇದೆ. ನಾನು ಹುಡುಗಿಯನ್ನು ಕರೆದು, ಜಾಮಿಟ್ರಿ ಬಾಕ್ಸು ಮತ್ತು ಒಂದು ಹಳೆಯ ಅಂಚೆ ಕಾರ್ಡು ತರಲು ಹೇಳಿದೆ.

ಅಂಚೆ ಕಾರ್ಡಿನ ಲೆಕ್ಕ

ಗಾಳಿ ಹಾಕುವವರು ‘ಮೂವತ್ತಮೂರು’ ಎನ್ನುವುದನ್ನು ನೀವು ಕೇಳಿರುತ್ತೀರಿ. ಅದು ಚದರ ಇಂಚಿಗೆ 33 ಪೌಂಡು ಒತ್ತಡ. ನಮ್ಮ ಲೆಕ್ಕಕ್ಕೆ ಚದರ ಸೆಂಟಿಮೀಟರಿಗೆ ಸುಮಾರು 2.3 ಕಿಲೋ ಭಾರ ಎನ್ನೋಣ. ಕಾರು, ಅದರೊಳಗಿನ ಐದು ಮಂದಿ, ಒಂದಿಷ್ಟು ಸಾಮಾನು ಎಲ್ಲ ಸೇರಿ 1500 ಕಿಲೋ ಇರಲಿ. ಒತ್ತಡವೆಂದರೆ ಬಲವನ್ನು ವಿಸ್ತೀರ್ಣದಿಂದ ಭಾಗಿಸಿದ್ದಲ್ಲವೇ? ಹಾಗಾದರೆ 1500ನ್ನು 2.3ರಿಂದ ಭಾಗಿಸಿ. ಸುಮಾರು 650 ಚದರ ಸೆಂ.ಮೀ. ಬರುತ್ತದೆ. ನಾಲ್ಕು ಚಕ್ರಕ್ಕೆ ಹಂಚಿದರೆ ಒಂದೊಂದಕ್ಕೆ 160ರ ಆಸುಪಾಸು. ಟಯರಿನ ಗೋಡೆಯ ಗಡಸುತನದಿಂದ ಈ ಅಂಕಿ ಸ್ವಲ್ಪ ಆಚೀಚೆ ಆದೀತು, ಹೆಚ್ಚಿಗೆ ಅಲ್ಲ.

ಅಂಚೆ ಕಾರ್ಡಿನ ಅಳತೆ 14 ಸೆಂ.ಮೀ. ಉದ್ದ, 9 ಸೆಂ.ಮೀ. ಅಗಲ, ವಿಸ್ತೀರ್ಣ 126. ಅಂದರೆ ಅಂಚೆ ಕಾರ್ಡಿಗಿಂತ ತುಸು ದೊಡ್ಡದಾದ, ಅಂಗೈಯಗಲದ ನಾಲ್ಕು ತುಂಡು ರಬ್ಬರು ಮಾತ್ರ ನೆಲವನ್ನು ಮುಟ್ಟುತ್ತಿರುತ್ತದೆ. ಎಂಜಿನ್ನಿನ ಶಕ್ತಿ, ಬ್ರೇಕಿನ ಹಿಡಿತ, ಸ್ಟಿಯರಿಂಗಿನ ತಿರುವು ಎಲ್ಲವೂ ರಸ್ತೆಗೆ ತಲುಪುವುದು ಈ ನಾಲ್ಕು ಕಾರ್ಡುಗಳ ಮೂಲಕವೇ. ಲೆಕ್ಕ ಮುಗಿಸಿದ ಹುಡುಗಿ ಕಾರ್ಡನ್ನು ನೆಲದ ಮೇಲಿಟ್ಟು, “ಇಷ್ಟೇನಾ ಸರ್?” ಎಂದಳು. ಅಷ್ಟೇ.

ಒಂದು ಸೆಕೆಂಡಿಗೆ ಒಂದು ಬಕೆಟ್ ನೀರು

ಈಗ ಮಳೆಗೆ ಬರೋಣ. ನಮ್ಮ ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನಷ್ಟು ಮಳೆ ಬೀಳುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ. ಮರವಂತೆಯಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಪಡುವಣಕ್ಕೆ ಸಮುದ್ರ, ಮೂಡಣಕ್ಕೆ ಸೌಪರ್ಣಿಕಾ ನದಿ. ಹಿಂದೆ ಇದನ್ನು ಹದಿನೇಳು ಎನ್ನುತ್ತಿದ್ದೆವು. ಪ್ರವಾಸಿಗಳು ನಿಂತು ಚಿತ್ರ ತೆಗೆಯುವ ಜಾಗ. ನಮಗೆ ದಿನನಿತ್ಯದ ದಾರಿ. ಆಷಾಢದ ಗಾಳಿಮಳೆಗೆ ಇಲ್ಲಿ ಮೇಲಿನಿಂದಲೂ ನೀರು, ಬದಿಯಿಂದಲೂ ನೀರು.

ರಸ್ತೆಯ ಮೇಲೆ ಮೂರು ಮಿಲಿಮೀಟರ್ ನೀರು ನಿಂತಿದೆ ಎನ್ನಿ. ಟಯರು ನೆಲ ಮುಟ್ಟುವ ಅಗಲ 17 ಸೆಂ.ಮೀ., ವೇಗ ಗಂಟೆಗೆ 80 ಕಿ.ಮೀ., ಅಂದರೆ ಸೆಕೆಂಡಿಗೆ ಸುಮಾರು 22 ಮೀಟರ್. ಮೂರನ್ನೂ ಗುಣಿಸಿ ನೋಡಿ. ಒಂದೊಂದು ಮುಂದಿನ ಚಕ್ರವೂ ಪ್ರತಿ ಸೆಕೆಂಡಿಗೆ 11 ಲೀಟರ್ ನೀರನ್ನು ಪಕ್ಕಕ್ಕೆ ತಳ್ಳಬೇಕು. ಒಂದು ಬಕೆಟ್ ತುಂಬ ನೀರು! ಅದು ಹೊರಗೆ ಹೋಗುವ ದಾರಿಯೇ ಟಯರಿನ ಗೀರುಗಳು, ನಾವು ‘ಬಟನ್’ ಎನ್ನುವುದರ ನಡುವಿನ ಕಾಲುವೆಗಳು. ಕಾಲುವೆ ಆಳವಾಗಿದ್ದರೆ ನೀರು ಹರಿದುಹೋಗಿ ರಬ್ಬರು ಡಾಮರನ್ನು ಮುಟ್ಟುತ್ತದೆ. ಕಾಲುವೆ ತುಂಬಿತೋ, ಟಯರಿನ ಮುಂದೆ ನೀರು ಬೆಣೆಯಂತೆ ಒಳನುಗ್ಗಿ ಚಕ್ರವನ್ನೇ ಎತ್ತಿಬಿಡುತ್ತದೆ. ಆಗ ಕಾರು ಓಡುತ್ತಿರುವುದಿಲ್ಲ, ತೇಲುತ್ತಿರುತ್ತದೆ. ಸ್ಟಿಯರಿಂಗ್ ಹಗುರವಾಗುತ್ತದೆ, ಬ್ರೇಕು ಒತ್ತಿದರೂ ಫಲವಿಲ್ಲ. ಎಬಿಎಸ್ ಇದೆಯೆಂಬ ಧೈರ್ಯವೂ ಇಲ್ಲಿ ನಡೆಯದು. ನೆಲವನ್ನೇ ಮುಟ್ಟದ ಚಕ್ರಕ್ಕೆ ಅದಾದರೂ ಏನು ಮಾಡೀತು?

ಅಮೆರಿಕದ ನಾಸಾ ಸಂಸ್ಥೆಯ ವಾಲ್ಟರ್ ಹಾರ್ನ್ ಎಂಬ ಸಂಶೋಧಕರು 1960ರ ದಶಕದಲ್ಲಿ, ಒದ್ದೆ ರನ್‌ವೇಯಲ್ಲಿ ವಿಮಾನಗಳು ಜಾರುವುದನ್ನು ಪರಿಶೀಲಿಸಿ ಒಂದು ಸರಳ ಸೂತ್ರ ಕೊಟ್ಟರು. ಗಾಳಿಯ ಒತ್ತಡದ ವರ್ಗಮೂಲವನ್ನು 16.6ರಿಂದ ಗುಣಿಸಿದರೆ ಚಕ್ರ ತೇಲತೊಡಗುವ ವೇಗ ಕಿಲೋಮೀಟರಿನಲ್ಲಿ ಸಿಗುತ್ತದೆ. ಇದು ನೀರಿನ ಆಳ ಗೀರಿನ ಆಳವನ್ನು ಮೀರಿದಾಗಿನ ಮಾತು. 33 ಪೌಂಡಿಗೆ ಗಂಟೆಗೆ ಸುಮಾರು 95 ಕಿ.ಮೀ.; ಗಾಳಿ ಇಳಿದು 25ಕ್ಕೆ ಬಂದಿದ್ದರೆ 83 ಕಿ.ಮೀ. ಇದು ವಿಮಾನದ ಚಕ್ರಗಳಿಂದ ಪಡೆದ ಅಂದಾಜು. ಬೋಳು ಟಯರಿನ ಕಾರು ಇದಕ್ಕಿಂತ ಕಡಿಮೆ ವೇಗದಲ್ಲೂ ತೇಲಬಹುದು. ಎರಡು ಪಾಠಗಳನ್ನು ಮಾತ್ರ ನೆನಪಿಡಿ: ಗೀರು ಆಳವಿರಬೇಕು, ಗಾಳಿ ಸರಿಯಿರಬೇಕು.

ತೇಲದಿದ್ದರೂ ಅಪಾಯ ಇದ್ದೇ ಇದೆ. ಒಣ ಡಾಮರಿನ ಮೇಲೆ ಘರ್ಷಣಾಂಕ ಸುಮಾರು 0.8. ನೀರು ನಿಂತ ರಸ್ತೆಯಲ್ಲಿ ಸವೆದ ಟಯರಿಗೆ ಅದು 0.4ಕ್ಕೆ ಇಳಿಯಿತು ಎಂದಿಟ್ಟುಕೊಳ್ಳಿ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಬ್ರೇಕು ಹಿಡಿದ ಮೇಲೆ ಕಾರು ಮೊದಲನೆಯ ಸಂದರ್ಭದಲ್ಲಿ 18 ಮೀಟರಿಗೆ ನಿಂತರೆ, ಎರಡನೆಯದರಲ್ಲಿ 35 ಮೀಟರ್ ಬೇಕು. ನಡುವಿನ ಆ 17 ಮೀಟರಿನಲ್ಲಿ ರಸ್ತೆ ದಾಟುವ ಮಗುವೋ ದನವೋ ಇರಬಹುದು.

ಅಂಚೆ ಕಾರ್ಡಿಗೆ ಇನ್ನೊಂದು ಕೆಲಸ

ಗೀರಿನ ಆಳ ಅಳೆಯುವುದು ಹೇಗೆ? ಸ್ಕೇಲನ್ನು ನೇರವಾಗಿ ಇಳಿಸಬೇಡಿ. ಅದರ ಸೊನ್ನೆ ಅಂಚಿನಿಂದ ಒಳಗೆ ಇರುತ್ತದೆ, ಲೆಕ್ಕ ತಪ್ಪುತ್ತದೆ. ಕಾರ್ಡಿನ ಒಂದು ಸಣ್ಣ ಪಟ್ಟಿ ಕತ್ತರಿಸಿ ಗೀರಿನ ತಳ ಮುಟ್ಟುವಂತೆ ಇಳಿಸಿ, ಮೇಲ್ಮಟ್ಟದಲ್ಲಿ ಪೆನ್ಸಿಲಿನಿಂದ ಗೆರೆ ಎಳೆದು, ಆಮೇಲೆ ಅಳೆಯಿರಿ. ಒಳಬದಿ, ನಡು, ಹೊರಬದಿ ಮೂರು ಕಡೆ ನೋಡಬೇಕು. ನಡು ಮಾತ್ರ ಸವೆದಿದ್ದರೆ ಗಾಳಿ ಹೆಚ್ಚಾಗಿತ್ತು. ಎರಡೂ ಅಂಚು ಸವೆದಿದ್ದರೆ ಕಡಿಮೆಯಾಗಿತ್ತು. ಒಂದೇ ಅಂಚು ಸವೆದಿದ್ದರೆ ವೀಲ್ ಅಲೈನ್‌ಮೆಂಟ್ ತಪ್ಪಿದೆ.

ಹೊಸ ಕಾರು ಟಯರಿನಲ್ಲಿ ಏಳೆಂಟು ಮಿ.ಮೀ. ಆಳವಿರುತ್ತದೆ. ನಮ್ಮ ಕಾನೂನಿನ ಪ್ರಕಾರ ಕಾರಿಗೆ 1.6 ಮಿ.ಮೀ.ಗಿಂತ ಕಡಿಮೆಯಾಗಕೂಡದು. ಗೀರಿನ ತಳದಲ್ಲಿ ಅಲ್ಲಲ್ಲಿ ಅಡ್ಡಲಾಗಿ ಸಣ್ಣ ದಿಣ್ಣೆಗಳಿರುತ್ತವೆ. ಬಟನ್ ಸವೆದು ಅದರ ಮಟ್ಟಕ್ಕೆ ಬಂದರೆ ಟಯರಿನ ಆಯುಷ್ಯ ಮುಗಿಯಿತು. ಆದರೆ ಕಾನೂನು ಹೇಳುವುದು ಕಟ್ಟಕಡೆಯ ಗಡಿಯನ್ನು. ಮಳೆಯ ಊರಿನವರು 3 ಮಿ.ಮೀ.ಗೆ ಬಂದಾಗಲೇ ಬದಲಾಯಿಸುವುದು ಲೇಸು. ಪರೀಕ್ಷೆಯಲ್ಲಿ ಬರೀ ಪಾಸಾಗುವಷ್ಟು ಅಂಕಕ್ಕೇ ಗುರಿಯಿಟ್ಟು ಓದುವ ವಿದ್ಯಾರ್ಥಿಗೆ ನಾವು ಏನು ಹೇಳುತ್ತೇವೋ ಇಲ್ಲಿಯೂ ಅದೇ ಮಾತು.

ಹುಡುಗಿ ಅಳೆದಳು. ಮುಂದಿನ ಎರಡೂ 2 ಮಿ.ಮೀ., ಹಿಂದಿನವು ನಾಲ್ಕೂವರೆ. ಇಂಥ ಕಾರುಗಳಲ್ಲಿ ಹೆಚ್ಚಿನವಕ್ಕೆ ಎಂಜಿನ್ನಿನ ಶಕ್ತಿ ಹೋಗುವುದು ಮುಂದಿನ ಚಕ್ರಕ್ಕೆ. ಹಾಗಾಗಿ ಅವೇ ಬೇಗ ಸವೆಯುತ್ತವೆ. ‘ದೀಪಾವಳಿಗೆ’ ಎಂಬ ಪ್ರಶ್ನೆಗೆ ಅಲ್ಲಿಗೆ ಉತ್ತರ ಸಿಕ್ಕಿತು. ಹೊಸ ಟಯರು ಹೆಚ್ಚು ಅಗತ್ಯವಿರುವುದು ಮಳೆ ಬರುವ ಮುಂಚೆ, ಮಳೆ ಹೋದ ಮೇಲಲ್ಲ.

ಅಗಲದ ಮೋಹ

ಟಯರಿನ ಬದಿಯಲ್ಲಿ 215/60 ಆರ್ 16 95 ಎಚ್ ಎಂದು ಬರೆದಿತ್ತು. 215 ಅಂದರೆ ಟಯರಿನ ಅಗಲ, ಮಿಲಿಮೀಟರಿನಲ್ಲಿ. 60 ಅಂದರೆ ಗೋಡೆಯ ಎತ್ತರ ಆ ಅಗಲದ ಶೇ. 60, ಅಂದರೆ 129 ಮಿ.ಮೀ. ಆರ್ ಎಂದರೆ ರೇಡಿಯಲ್. 16 ಎಂದರೆ ರಿಮ್ಮಿನ ವ್ಯಾಸ, ಇಂಚಿನಲ್ಲಿ. 95 ಎಂಬುದು ಭಾರದ ಸಂಕೇತ; ಒಂದು ಟಯರು 690 ಕಿಲೋ ಹೊರಬಲ್ಲದು. ಎಚ್ ಎಂದರೆ ಗಂಟೆಗೆ 210 ಕಿ.ಮೀ. ವೇಗದವರೆಗೆ ತಾಳುತ್ತದೆ. ಭಾರ ಮತ್ತು ವೇಗದ ಸಂಕೇತಗಳು ಕಾರಿನ ಕೈಪಿಡಿಯಲ್ಲಿ ಹೇಳಿದ್ದಕ್ಕಿಂತ ಎಂದೂ ಕಡಿಮೆ ಇರಬಾರದು.

ಈಗ ಅಳಿಯ ಹೇಳಿದಂತೆ 215ರ ಬದಲು 235 ಹಾಕಿದರೆ? ಅಂಚೆ ಕಾರ್ಡಿನ ಲೆಕ್ಕವನ್ನು ನೆನಪಿಸಿಕೊಳ್ಳಿ. ಭಾರವೂ ಅದೇ, ಗಾಳಿಯ ಒತ್ತಡವೂ ಅದೇ. ಆದ್ದರಿಂದ ನೆಲ ಮುಟ್ಟುವ ವಿಸ್ತೀರ್ಣವೂ ಹೆಚ್ಚುಕಡಿಮೆ ಅಷ್ಟೇ. ಆಕಾರ ಮಾತ್ರ ಬದಲಾಗಿ ಅಗಲ ಹೆಚ್ಚು, ಉದ್ದ ಕಡಿಮೆ ಆಗುತ್ತದೆ. ಚೂಪು ಮೂತಿಯ ದೋಣಿ ನೀರನ್ನು ಸೀಳುತ್ತದೆ, ಅಗಲ ತಳದ್ದು ಮೇಲೆ ತೇಲುತ್ತದೆ. ನಮ್ಮ ಕಡಲಿನ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಗಲದ ಟಯರು ತಳ್ಳಬೇಕಾದ ನೀರೂ ಹೆಚ್ಚು, ತೇಲುವ ಸಂಭವವೂ ಹೆಚ್ಚು. ಸಾಲದ್ದಕ್ಕೆ 235/60ರ ವ್ಯಾಸ 664ರಿಂದ 688 ಮಿ.ಮೀ.ಗೆ ಏರುವುದರಿಂದ, ವೇಗಮಾಪಕ ಅದೇ ಅಂಕಿ ತೋರಿಸುವಾಗ ಕಾರು ಮೊದಲಿಗಿಂತ ಶೇ. 3.6 ಹೆಚ್ಚು ವೇಗದಲ್ಲಿ ಓಡುತ್ತಿರುತ್ತದೆ. ದೊಡ್ಡ ದೊಡ್ಡ ಬಟನ್ನಿನ ‘ಆಲ್ ಟೆರೇನ್’ ಟಯರೂ ಹಾಗೆಯೇ. ಗದ್ದೆ, ಕಾಡುದಾರಿಗೆ ಅದು ಸರಿ. ಕಾಲೇಜಿನ ದಾರಿಗೆ ಸದ್ದು ಹೆಚ್ಚು, ಒದ್ದೆ ಡಾಮರಿನ ಮೇಲೆ ಹಿಡಿತ ಕಡಿಮೆ.

ಅಂಗಡಿಯಲ್ಲಿ ಎಲ್ಲರೂ ಕೇಳುವ ಪ್ರಶ್ನೆ, “ಎಷ್ಟು ಕಿಲೋಮೀಟರ್ ಬರುತ್ತದೆ?” ಗಡಸು ರಬ್ಬರು ಹೆಚ್ಚು ಬಾಳುತ್ತದೆ, ಮೃದು ರಬ್ಬರು ಹೆಚ್ಚು ಹಿಡಿಯುತ್ತದೆ. ಜಡ್ಕಲ್, ಮುದೂರಿನ ತೋಟಗಳಲ್ಲಿ ಮರದಿಂದ ಇಳಿಯುವ ಹಾಲು ಟಯರಾಗುವ ಹೊತ್ತಿಗೆ ಅದಕ್ಕೆ ಗಂಧಕ, ಇಂಗಾಲದ ಮಸಿ, ಕೃತಕ ರಬ್ಬರು ಎಲ್ಲ ಸೇರಿರುತ್ತವೆ. 1992ರಲ್ಲಿ ಫ್ರಾನ್ಸಿನ ಮಿಷೆಲಿನ್ ಕಂಪೆನಿ ಮಸಿಯ ಬಹುಪಾಲಿಗೆ ಬದಲಾಗಿ ಸಿಲಿಕಾ ಬೆರೆಸಿದ ಟಯರನ್ನು ಮಾರುಕಟ್ಟೆಗೆ ತಂದಿತು. ಇದರಿಂದ ಒದ್ದೆ ರಸ್ತೆಯಲ್ಲಿ ಹಿಡಿತ ಉಳಿಸಿಕೊಂಡೇ ಇಂಧನ ಉಳಿಸುವುದು ಸಾಧ್ಯವಾಯಿತು. ನಮ್ಮಲ್ಲಿಯೂ 2022ರಲ್ಲಿ ಕೇಂದ್ರ ಸರ್ಕಾರ ನಿಯಮ ತಿದ್ದಿ, ಒದ್ದೆ ನೆಲದ ಹಿಡಿತಕ್ಕೆ ಕನಿಷ್ಠ ಮಟ್ಟವೊಂದನ್ನು ಕಡ್ಡಾಯ ಮಾಡಿದೆ. ಆದ್ದರಿಂದ ಕಿಲೋಮೀಟರಿನ ಮಾತಿಗಿಂತ ಮೊದಲು “ಮಳೆಗೆ ಹೇಗೆ?” ಎಂದು ಕೇಳಿ. ಐಎಸ್ಐ ಗುರುತು ನೋಡಿ. ಬದಿಯಲ್ಲಿ ನಾಲ್ಕಂಕಿಯ ಒಂದು ಸಂಖ್ಯೆ ಇರುತ್ತದೆ. 2324 ಎಂದಿದ್ದರೆ 2024ನೆಯ ಇಸವಿಯ 23ನೆಯ ವಾರದಲ್ಲಿ ತಯಾರಾದದ್ದು. ಓಡದೆ ಕುಳಿತ ರಬ್ಬರೂ ಗಾಳಿಯ ಓಜೋನಿನಿಂದ ನಿಧಾನವಾಗಿ ಬಿರಿಯುತ್ತದೆ. ಹಳೆಯ ದಾಸ್ತಾನು ಕೊಳ್ಳಬೇಡಿ.

ಹೊಸತು ಎಲ್ಲಿಗೆ?

ಇಲ್ಲಿ ನನ್ನದೇ ಒಂದು ತಪ್ಪು ಹೇಳಬೇಕು. ಕೆಲವು ವರ್ಷಗಳ ಹಿಂದೆ ನಾನು ನನ್ನ ಕಾರಿಗೆ ಎರಡೇ ಹೊಸ ಟಯರು ಕೊಂಡು, ಎಲ್ಲರಂತೆ ಮುಂದಕ್ಕೆ ಹಾಕಿಸಿದೆ. ಹಿಂದೆ ಸವೆದವು ಉಳಿದವು. ಒಂದು ಜುಲೈ ಸಂಜೆ ಹೆಂಡತಿಯೊಡನೆ ಕೊಲ್ಲೂರಿನಿಂದ ಬರುವಾಗ, ತಿರುವಿನಲ್ಲಿ ಕಾರಿನ ಹಿಂಭಾಗ ಸರಕ್ಕನೆ ಹೊರಕ್ಕೆ ಜಾರಿ, ಕಾರು ಬಂದ ದಾರಿಗೇ ಮುಖ ಮಾಡಿ ನಿಂತಿತು. ಎದುರಿನಿಂದ ಬಸ್ಸು ಬರಲಿಲ್ಲ. ಅಷ್ಟೇ ನಮ್ಮ ಪುಣ್ಯ. ವೇಗ ಐವತ್ತೂ ಇರಲಿಲ್ಲ.

ಮುಂದಿನ ಚಕ್ರ ಜಾರಿದರೆ ಸ್ಟಿಯರಿಂಗಿನಲ್ಲೇ ಗೊತ್ತಾಗುತ್ತದೆ, ವೇಗ ತಗ್ಗಿಸಿದರೆ ಹಿಡಿತ ಮರಳುತ್ತದೆ. ಹಿಂದಿನದು ಜಾರಿದರೆ ಕಾರು ಬುಗುರಿಯಾಗುತ್ತದೆ. ನಮ್ಮಂಥ ಸಾಧಾರಣ ಚಾಲಕರಿಗೆ ಅದನ್ನು ಸರಿಪಡಿಸಲು ಸಮಯವೇ ಸಿಗುವುದಿಲ್ಲ. ಆದ್ದರಿಂದ ಎರಡೇ ಕೊಂಡರೆ ಹೊಸ ಜೋಡಿ ಹಿಂದಕ್ಕೆ, ಹಿಂದಿನ ಒಳ್ಳೆಯ ಜೋಡಿ ಮುಂದಕ್ಕೆ. ಟಯರು ತಯಾರಕರೂ ಹೇಳುವುದು ಇದನ್ನೇ. ವಿಜ್ಞಾನ ಪಾಠ ಮಾಡುವ ನಾನು ಇದನ್ನು ಪಾಠವಾಗಿ ಕಲಿತದ್ದು ಆ ತಿರುವಿನಲ್ಲಿ.

ನೆರೆಯವರು ಹಾಗೆಯೇ ಮಾಡಿದರು. ಅದೇ ಅಳತೆಯ ಎರಡು ಟಯರು ಕೊಂಡು ಹಿಂದಕ್ಕೆ ಹಾಕಿಸಿದರು, ಅಲೈನ್‌ಮೆಂಟ್ ಮಾಡಿಸಿದರು. ನಾಲ್ಕರ ಖರ್ಚು ಸದ್ಯಕ್ಕೆ ಉಳಿಯಿತು. ಅಗಲದ ಆಸೆ ಬಿಟ್ಟರು. ಹೊಸ ಟಯರಿನ ಜಾರು ಹೋಗುವವರೆಗೆ, ಮೊದಲ ಇನ್ನೂರು ಮುನ್ನೂರು ಕಿಲೋಮೀಟರ್ ನಿಧಾನವಾಗಿ ಹೋಗಲು ಹೇಳಿದ್ದೇನೆ. ಹದಿನೈದು ದಿನಕ್ಕೊಮ್ಮೆ, ಟಯರು ತಣ್ಣಗಿರುವಾಗ, ಸ್ಟೆಪ್ನಿಯನ್ನೂ ಸೇರಿಸಿ ಗಾಳಿ ನೋಡಿಸುವ ಜವಾಬ್ದಾರಿ ಮಗಳದು. ಎಷ್ಟು ಗಾಳಿ ಎಂಬುದು ಚಾಲಕನ ಬಾಗಿಲ ಬದಿಯ ಚೀಟಿಯಲ್ಲಿ ಇರುತ್ತದೆ. ಇಷ್ಟೆಲ್ಲ ಇದ್ದರೂ ಜೋರು ಮಳೆಗೆ ವೇಗ ತಗ್ಗಿಸದಿದ್ದರೆ ಯಾವ ಟಯರೂ ಕಾಯದು, ನೆನಪಿರಲಿ.

ಈ ವಾರದ ಲೆಕ್ಕ: 215/60 ಆರ್ 16 ಟಯರಿನ ವ್ಯಾಸ 664 ಮಿ.ಮೀ. ಮರವಂತೆಯಿಂದ ಕುಂದಾಪುರಕ್ಕೆ 18 ಕಿ.ಮೀ. ಎಂದಿಟ್ಟುಕೊಂಡರೆ ಚಕ್ರ ಎಷ್ಟು ಸುತ್ತು ತಿರುಗುತ್ತದೆ? ಲೆಕ್ಕ ಮಾಡಿದ ಮೇಲೆ, ಮನೆಯಲ್ಲಿ ಕಾರೋ ಸ್ಕೂಟರೋ ಇದ್ದರೆ ಒಂದು ಚೂರು ಕಾರ್ಡು ಹಿಡಿದು ಅಂಗಳಕ್ಕೆ ಇಳಿಯಿರಿ. ಗೀರಿನ ಆಳ ಎಷ್ಟೆಂದು ಅಪ್ಪ ಅಮ್ಮನಿಗೆ ಹೇಳಿ. ಸುತ್ತಿನ ಉತ್ತರ ಮುಂದಿನ ವಾರ ನಾನು ಕೊಡುತ್ತೇನೆ. ಗೀರಿನದು ಈ ವಾರವೇ ಗೊತ್ತಾಗಲಿ.