ಸೈಕಲ್ಲಿಗೆ 12, ಕೋಟಿ ಕಾರಿಗೆ 5

2019ರ ಆಗಸ್ಟ್‌ನಿಂದ 2025ರ ಸೆಪ್ಟೆಂಬರ್‌ವರೆಗೆ, ಅಂದರೆ ಆರು ವರ್ಷಕ್ಕೂ ಮಿಕ್ಕಿ, ನಮ್ಮ ದೇಶದಲ್ಲಿ ಒಂದು ವಿಚಿತ್ರ ತೆರಿಗೆ ಲೆಕ್ಕ ನಡೆದಿತ್ತು. ಮನೆ ಮನೆಗೆ ಪೇಪರ್ ಹಾಕುವ ಹುಡುಗ ಕೊಳ್ಳುವ ಸೈಕಲ್ಲಿಗೆ ಜಿಎಸ್‌ಟಿ ಶೇ 12. ಕೋಟಿ ರೂಪಾಯಿ ಬೆಲೆಯ, ಎರಡೂವರೆ ಟನ್ ತೂಕದ ವಿದ್ಯುತ್ ಕಾರಿಗೆ ಶೇ 5. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದಕ್ಕೆ ಸುಣ್ಣ ಎನ್ನುವುದನ್ನು ಇದಕ್ಕಿಂತ ನೇರವಾಗಿ ಸರ್ಕಾರಿ ಕಾಗದದಲ್ಲಿ ಬರೆದದ್ದನ್ನು ನಾನು ನೋಡಿಲ್ಲ. ಇದಕ್ಕೆ ಕೊಟ್ಟ ಕಾರಣವಾದರೂ ಏನು? ಪರಿಸರ.

ಈಗ ಸೈಕಲ್ಲಿಗೂ ಶೇ 5 ಆಗಿದೆ. ಸಂತೋಷ. ಆದರೆ ಆ ಲೆಕ್ಕದ ಹಿಂದಿದ್ದ ಬುದ್ಧಿ ಬದಲಾಗಿಲ್ಲ. ಹೊಗೆ ಕೊಳವೆ ಇಲ್ಲದ ವಾಹನ ಯಾವುದಾದರೂ ಒಳ್ಳೆಯದೇ, ಅದರ ಗಾತ್ರ ಎಷ್ಟಿದ್ದರೂ, ಯಾರು ಯಾಕೆ ಓಡಿಸಿದರೂ ಅದಕ್ಕೊಂದು ಹಸಿರು ನಂಬರ್ ಪ್ಲೇಟ್ ಕೊಡಬೇಕು ಎಂಬ ನಂಬಿಕೆ ಹಾಗೇ ಇದೆ. ನನ್ನ ತಕರಾರು ಈ ನಂಬಿಕೆಯ ಮೇಲೆ, ವಿದ್ಯುತ್ ವಾಹನದ ಮೇಲಲ್ಲ. ಈ ವ್ಯತ್ಯಾಸ ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ವಾಟ್ಸ್‌ಆ್ಯಪ್ ಪಂಡಿತರು ನನ್ನನ್ನೂ ತಮ್ಮ ಸಾಲಿನಲ್ಲಿ ಕೂರಿಸಿಕೊಳ್ಳುತ್ತಾರೆ.

ಆ ಪಂಡಿತರ ವಾದ ನಿಮಗೂ ಬಂದಿರುತ್ತದೆ. 'ಕರೆಂಟ್ ಬರುವುದು ಕಲ್ಲಿದ್ದಲಿನಿಂದ, ಹಾಗಾಗಿ ಇದು ಕಲ್ಲಿದ್ದಲಿನ ಕಾರು, ಪೆಟ್ರೋಲ್ ಕಾರಿಗಿಂತ ಕಡೆ.' ಮೊದಲರ್ಧ ಬಹುಪಾಲು ನಿಜ. ಭಾರತದ ವಿದ್ಯುತ್ ಉತ್ಪಾದನೆಯಲ್ಲಿ ಮುಕ್ಕಾಲು ಪಾಲಿನ ಹತ್ತಿರ ಇಂದಿಗೂ ಕಲ್ಲಿದ್ದಲಿನದೇ. ಕೇಂದ್ರ ವಿದ್ಯುತ್ ಪ್ರಾಧಿಕಾರದ ಲೆಕ್ಕದಲ್ಲಿ ಒಂದು ಯೂನಿಟ್ ಕರೆಂಟಿನ ಹಿಂದೆ ಸುಮಾರು 720 ಗ್ರಾಂ ಇಂಗಾಲದ ಡೈಆಕ್ಸೈಡ್ ಇದೆ. ದ್ವಿತೀಯಾರ್ಧ ಸುಳ್ಳು. ಪೆನ್ಸಿಲ್ ತೆಗೆದುಕೊಳ್ಳಿ. ಸಣ್ಣ ವಿದ್ಯುತ್ ಕಾರು ನೂರು ಕಿಲೋಮೀಟರಿಗೆ, ಚಾರ್ಜಿಂಗ್ ನಷ್ಟವೂ ಸೇರಿ, ಸುಮಾರು 15 ಯೂನಿಟ್ ಕುಡಿಯುತ್ತದೆ: 11 ಕೆ.ಜಿ. ಇಂಗಾಲ. ಲೀಟರಿಗೆ 16 ಕೊಡುವ ಪೆಟ್ರೋಲ್ ಕಾರು ಅದೇ ನೂರು ಕಿಲೋಮೀಟರಿಗೆ ಆರು ಲೀಟರ್ ಚಿಲ್ಲರೆ ಸುಡುತ್ತದೆ. ಲೀಟರಿಗೆ 2.3 ಕೆ.ಜಿ.ಯಂತೆ 14 ಕೆ.ಜಿ. ಆಯಿತು. ಕಚ್ಚಾ ತೈಲ ತೆಗೆದು, ಹಡಗಿನಲ್ಲಿ ತಂದು, ಸಂಸ್ಕರಿಸಿ, ಟ್ಯಾಂಕರಿನಲ್ಲಿ ಬಂಕಿಗೆ ಮುಟ್ಟಿಸುವ ಖರ್ಚು ಸೇರಿಸಿದರೆ 17. ಕಲ್ಲಿದ್ದಲಿನ ಕರೆಂಟಿನಲ್ಲೂ ವಿದ್ಯುತ್ ಕಾರೇ ಗೆದ್ದಿತು. ಸ್ವಚ್ಛ ಸಾರಿಗೆ ಕುರಿತ ಅಂತರರಾಷ್ಟ್ರೀಯ ಸಂಸ್ಥೆ ಐಸಿಸಿಟಿ 2021ರಲ್ಲಿ, ಕಾರು ಹುಟ್ಟಿ ಸಾಯುವವರೆಗಿನ ಮಾಲಿನ್ಯವನ್ನೆಲ್ಲ ಕೂಡಿ, ಭಾರತದಲ್ಲಿ ವಿದ್ಯುತ್ ಕಾರಿನ ಇಂಗಾಲ ಪೆಟ್ರೋಲ್ ಕಾರಿಗಿಂತ ಶೇ 19ರಿಂದ 34ರಷ್ಟು ಕಡಿಮೆ ಎಂದಿತ್ತು. ಯುರೋಪಿನಲ್ಲಿ ಈ ಉಳಿತಾಯ ಶೇ 66ರಿಂದ 69.

ಹಾಗಾದರೆ ಜಗಳ ಮುಗಿಯಿತಲ್ಲ? ಇಲ್ಲ. ಬ್ಯಾಟರಿ ಬಾಕಿ ಇದೆ.

ಒಂದು ಯೂನಿಟ್ ಸಾಮರ್ಥ್ಯದ ಬ್ಯಾಟರಿ ತಯಾರಿಸುವಾಗ 60ರಿಂದ 100 ಕೆ.ಜಿ. ಇಂಗಾಲ ಹೊರಬೀಳುತ್ತದೆ. ಮೂವತ್ತು ಯೂನಿಟ್ಟಿನ ಸಣ್ಣ ಕಾರು ಷೋರೂಮಿನಿಂದ ಹೊರಡುವಾಗಲೇ ಎರಡೂವರೆ ಟನ್ನಿನ ಸಾಲ ಹೊತ್ತಿರುತ್ತದೆ. ನೂರು ಕಿಲೋಮೀಟರಿಗೆ ಆರು ಕೆ.ಜಿ. ಚಿಲ್ಲರೆಯಂತೆ ತೀರಿಸುತ್ತಾ ಹೋದರೆ ಸಾಲ ಮುಗಿಯುವುದು 40 ಸಾವಿರ ಕಿಲೋಮೀಟರಿನ ಆಸುಪಾಸಿನಲ್ಲಿ. ವಿಮಾನ ನಿಲ್ದಾಣಕ್ಕೆ ದಿನಾ ಓಡುವ ಟ್ಯಾಕ್ಸಿ ಇದನ್ನು ಒಂದೇ ವರ್ಷದಲ್ಲಿ ತೀರಿಸುತ್ತದೆ. ಮನೆಯಲ್ಲಿ ಈಗಾಗಲೇ ಎರಡು ಕಾರಿದ್ದು, ಭಾನುವಾರ ತಿಂಡಿಗೆ ಹೋಗಿಬರಲು ತಂದ ಮೂರನೆಯದು? ಅದು ತೀರಿಸುವ ಹೊತ್ತಿಗೆ ಬ್ಯಾಟರಿಯ ವಾರಂಟಿಯೇ ಮುಗಿದಿರುತ್ತದೆ. ಎರಡೂ ಕಾರಿನದು ಒಂದೇ ತಂತ್ರಜ್ಞಾನ, ಎರಡಕ್ಕೂ ಹಸಿರು ಪ್ಲೇಟು. ಟ್ಯಾಕ್ಸಿಯದರಲ್ಲಿ ಅಕ್ಷರ ಹಳದಿ, ಮನೆಯದರಲ್ಲಿ ಬಿಳಿ, ಅಷ್ಟೇ.

ಇನ್ನು ಆ ಕೋಟಿ ರೂಪಾಯಿಯ ಕಾರು. ನೂರು ಯೂನಿಟ್ಟಿನ ಬ್ಯಾಟರಿ, ನೂರು ಕಿಲೋಮೀಟರಿಗೆ 22–23 ಯೂನಿಟ್ ಖರ್ಚು. ನಮ್ಮ ಗ್ರಿಡ್‌ನಲ್ಲಿ ಇದು 16 ಕೆ.ಜಿ. ದಾಟುತ್ತದೆ. ಅಂದರೆ ಮಧ್ಯಮವರ್ಗದವರು ಓಡಿಸುವ ಸಣ್ಣ ಪೆಟ್ರೋಲ್ ಕಾರಿನ ಲೆಕ್ಕಕ್ಕೆ ಬಂದು ನಿಂತಿತು. ಬ್ಯಾಟರಿಯ ಏಳೆಂಟು ಟನ್ ಸಾಲ ಬೇರೆ. ಅಷ್ಟೇ ದೊಡ್ಡ ಡೀಸೆಲ್ ಎಸ್‌ಯುವಿಗೆ ಹೋಲಿಸಿದರೆ ಇದೇ ವಾಸಿ ಎನ್ನುತ್ತಾರೆ. ಒಪ್ಪಿದೆ. ಆದರೆ ವಾಸಿ ಎನ್ನುವುದಕ್ಕೂ ಹಸಿರು ಎನ್ನುವುದಕ್ಕೂ ಅಂತರ ಇಲ್ಲವೇ? ಇನ್ನೂ ಒಂದು ಲೆಕ್ಕ: ಇಂಥ ಮೂರು ಕಾರಿನ ಬ್ಯಾಟರಿಯಲ್ಲಿ ಒಂದು ವಿದ್ಯುತ್ ಬಸ್ಸು ಹೊರಡುತ್ತದೆ. ನೂರು ಸ್ಕೂಟರ್ ಬೇಕಾದರೂ ಹೊರಡುತ್ತವೆ.

ಬೆಂಗಳೂರಿಗೆ ಇದು ಹೊಸ ಪಾಠವೂ ಅಲ್ಲ. 2001ರಲ್ಲಿ ಚೇತನ್ ಮೈನಿ ಅವರ ರೇವಾ ಇಲ್ಲಿಂದಲೇ ಹೊರಟದ್ದು. ಮುಕ್ಕಾಲು ಟನ್ನಿಗೂ ಕಡಿಮೆ ತೂಕ, ಆಟಿಕೆಯಂಥ ಆಕಾರ. ಜನ ನಕ್ಕರು. ಲಂಡನ್ನಿನಲ್ಲಿ ಜಿ-ವಿಜ್ ಎಂಬ ಹೆಸರಿನಲ್ಲಿ ಮಾರಾಟವಾಯಿತು, ಅಲ್ಲೂ ನಕ್ಕರು. ಆದರೆ ಊರೊಳಗೆ ಒಬ್ಬರೋ ಇಬ್ಬರೋ ಓಡಾಡಲು ಎಷ್ಟು ವಾಹನ ಬೇಕು ಎಂಬ ಪ್ರಶ್ನೆಗೆ ಆ ಪುಟ್ಟ ಗಾಡಿ ಕೊಟ್ಟ ಉತ್ತರ ಈಗಿನ ಯಾವ ಕಾರಿನ ಉತ್ತರಕ್ಕಿಂತಲೂ ಪ್ರಾಮಾಣಿಕವಾಗಿತ್ತು.

ಕಾಂಗೋದ ಕೋಬಾಲ್ಟ್ ಗಣಿಗಳ ಮಾತನ್ನು ಇಲ್ಲಿ ತರುವವರಿದ್ದಾರೆ. ಗಣಿಗಳ ಸ್ಥಿತಿ ಘೋರವೇ. ಆದರೆ ಆ ವಾದವನ್ನು ಕೋಬಾಲ್ಟ್ ಇರುವ ಮೊಬೈಲಿನಲ್ಲೇ ಟೈಪ್ ಮಾಡುತ್ತಾರೆ; ಪೆಟ್ರೋಲ್, ಡೀಸೆಲ್‌ನಿಂದ ಗಂಧಕ ತೆಗೆಯಲು ಸಂಸ್ಕರಣಾಗಾರಗಳು ಕೂಡ ಕೋಬಾಲ್ಟ್ ಬಳಸುತ್ತವೆ ಎಂಬುದು ಅವರಿಗೆ ನೆನಪಾಗುವುದಿಲ್ಲ. ನಮ್ಮಲ್ಲಿ ಹೆಚ್ಚು ಓಡುವ ಕಾರುಗಳಲ್ಲಿರುವುದು ಕಬ್ಬಿಣ-ಫಾಸ್ಫೇಟ್ ಬ್ಯಾಟರಿ. ಅದರಲ್ಲಿ ಕೋಬಾಲ್ಟೂ ಇಲ್ಲ, ನಿಕ್ಕಲ್ಲೂ ಇಲ್ಲ. ತಮಾಷೆಯೆಂದರೆ, ಬೆಲೆಬಾಳುವ ಲೋಹ ಇಲ್ಲವೆಂಬ ಕಾರಣಕ್ಕೇ ಅದನ್ನು ಒಡೆದು ಮರುಬಳಕೆ ಮಾಡುವವರಿಗೆ ಲಾಭವೂ ಕಡಿಮೆ. 2022ರ ಬ್ಯಾಟರಿ ತ್ಯಾಜ್ಯ ನಿಯಮ ತಯಾರಕರ ಮೇಲೆ ಹೊಣೆ ಹೊರಿಸಿದೆ. ಹಳೆಯ ಸೀಸದ ಬ್ಯಾಟರಿಗಳನ್ನು ಗಲ್ಲಿಗಳಲ್ಲಿ ಕರಗಿಸುವುದನ್ನೇ ತಡೆಯಲಾಗದ ನಾವು ಇದನ್ನೆಷ್ಟು ಪಾಲಿಸುತ್ತೇವೋ ಹೇಳಲಾರೆ.

ಇನ್ನು ಜಲಜನಕ. 2022ರ ಮಾರ್ಚ್ 30ರಂದು ಕೇಂದ್ರ ಸಾರಿಗೆ ಸಚಿವ ನಿತಿನ್ ಗಡ್ಕರಿ ಟೊಯೊಟಾ ಮಿರಾಯ್ ಎಂಬ ಹೈಡ್ರೋಜನ್ ಕಾರಿನಲ್ಲಿ ಸಂಸತ್ತಿಗೆ ಬಂದಿಳಿದರು. ಹೊಗೆಯ ಬದಲು ನೀರು ಬಿಡುವ ಕಾರು! ಕ್ಯಾಮೆರಾಗಳು ಮುಗಿಬಿದ್ದವು. ಆ ಹೈಡ್ರೋಜನ್ ಎಲ್ಲಿಂದ ಬಂತು ಎಂದು ಕೇಳುವ ಪುರಸೊತ್ತು ಯಾರಿಗಿತ್ತು? ಜಗತ್ತಿನ ಹೈಡ್ರೋಜನ್ನಿನ ಬಹುಪಾಲು ತಯಾರಾಗುವುದು ನೈಸರ್ಗಿಕ ಅನಿಲ ಮತ್ತು ಕಲ್ಲಿದ್ದಲಿನಿಂದ. ಅನಿಲದಿಂದ ಮಾಡಿದರೆ ಒಂದು ಕೆ.ಜಿ.ಗೆ ಒಂಬತ್ತು ಹತ್ತು ಕೆ.ಜಿ. ಇಂಗಾಲ. ಒಂದು ಕೆ.ಜಿ.ಯಲ್ಲಿ ಈ ಕಾರು ನೂರು ಕಿಲೋಮೀಟರ್ ಚಿಲ್ಲರೆ ಓಡುತ್ತದೆ. ಅಂದರೆ ಅದು ಕಲ್ಲಿದ್ದಲಿನ ಕರೆಂಟಿನ ಸಣ್ಣ ಕಾರಿನಷ್ಟೇ ಹೊಲಸು.

ನೀರನ್ನು ಕರೆಂಟಿನಿಂದ ಒಡೆದು ತೆಗೆಯುವ ಹಸಿರು ಹೈಡ್ರೋಜನ್ ಇದೆಯಲ್ಲ ಎನ್ನಬಹುದು. ಇದೆ. ಒಂದು ಕೆ.ಜಿ. ತೆಗೆಯಲು 50ರಿಂದ 55 ಯೂನಿಟ್ ಬೇಕು. ಅದನ್ನು 700 ಪಟ್ಟು ವಾಯುಭಾರದ ಒತ್ತಡಕ್ಕೆ ಹಿಂಡಿ ಟ್ಯಾಂಕಿಗೆ ತುಂಬಲು ಇನ್ನಷ್ಟು. ಅಲ್ಲಿಗೆ ನೂರು ಕಿಲೋಮೀಟರಿಗೆ ಬ್ಯಾಟರಿ ಕಾರಿಗೆ 15 ಯೂನಿಟ್, ಹೈಡ್ರೋಜನ್ ಕಾರಿಗೆ 50 ಮೀರಿ. ಕರೆಂಟಿನಿಂದ ಅನಿಲ ಮಾಡಿ, ಅನಿಲದಿಂದ ಮತ್ತೆ ಕರೆಂಟ್ ಮಾಡಿ, ಅದರಿಂದ ಮೋಟಾರ್ ತಿರುಗಿಸುವ ಈ ಸುತ್ತುಬಳಸಿಗೆ ಮೂಗಿಗಿಂತ ಮೂಗುತಿ ಭಾರ ಎನ್ನದೆ ಏನೆನ್ನಲಿ? ಇಂದಿನ ಗ್ರಿಡ್‌ನ ಕರೆಂಟಿನಲ್ಲೇ ಇದನ್ನು ಮಾಡಿದರೆ ಪ್ರತಿ ಕೆ.ಜಿ.ಗೆ 36 ಕೆ.ಜಿ.ಗೂ ಹೆಚ್ಚು ಇಂಗಾಲ. ಪೆಟ್ರೋಲ್ ಕಾರಿನ ಎರಡು ಪಟ್ಟು. ಪೂರಾ ಸೌರ ವಿದ್ಯುತ್ತಿನಲ್ಲೇ ಮಾಡುತ್ತೇವೆ ಎಂದರೂ ಒಂದು ಕಾರಿನ ಜಾಗದಲ್ಲಿ ಮೂರು ಕಾರಿನ ಸೌರ ಫಲಕ ಹಾಸಬೇಕು. ಶೆಲ್ ಕಂಪನಿ 2024ರಲ್ಲಿ ಕ್ಯಾಲಿಫೋರ್ನಿಯಾದ ತನ್ನ ಹೈಡ್ರೋಜನ್ ಕಾರು ಬಂಕುಗಳನ್ನು ಮುಚ್ಚಿತು.

ಹಸಿರು ಹೈಡ್ರೋಜನ್ ಬೇಡವೆಂದಲ್ಲ. ಕೇಂದ್ರವು 2023ರಲ್ಲಿ 19,744 ಕೋಟಿ ರೂಪಾಯಿಯ ಮಿಷನ್ ಘೋಷಿಸಿದೆ. ಆದರೆ ಆ ಹೈಡ್ರೋಜನ್ನಿನ ಸರಿಯಾದ ಜಾಗ ಕಾರಿನಲ್ಲಲ್ಲ, ಮಂಗಳೂರಿನಲ್ಲಿದೆ. ಪಣಂಬೂರಿನ ಗೊಬ್ಬರ ಕಾರ್ಖಾನೆ ಯೂರಿಯಾಕ್ಕಾಗಿ ನೈಸರ್ಗಿಕ ಅನಿಲದಿಂದ ಹೈಡ್ರೋಜನ್ ತೆಗೆಯುತ್ತದೆ. ಎಂಆರ್‌ಪಿಎಲ್‌ಗೆ ತೈಲ ಶುದ್ಧೀಕರಿಸಲು ಅದೇ ಬೇಕು. ಈಗಾಗಲೇ ಹೊಲಸು ಹೈಡ್ರೋಜನ್ ನುಂಗುತ್ತಿರುವ ಈ ಬಾಯಿಗಳಿಗೆ ಮೊದಲು ಒಳ್ಳೆಯದು ಹಾಕಿ. ಕಾರಿಗೆ ಅದನ್ನು ತುಂಬುವುದು ಬರಗಾಲದಲ್ಲಿ ಕುಡಿಯುವ ನೀರಿನಿಂದ ಅಂಗಳ ತೊಳೆದಂತೆ.

ಇಷ್ಟು ಹೊತ್ತು ಗ್ರಾಂ, ಯೂನಿಟ್ಟುಗಳ ಲೆಕ್ಕ ಆಯಿತು. ನನ್ನನ್ನು ಹೆಚ್ಚು ಕಾಡುವ ಲೆಕ್ಕ ಬೇರೆ ಇದೆ. ಅದರಲ್ಲಿ ಊರುಗಳ ಹೆಸರಿದೆ.

ನಮ್ಮ ಕರ್ನಾಟಕದ ಕರೆಂಟು ಹಸಿರು ಎಂದು ಎದೆ ತಟ್ಟಿಕೊಳ್ಳುತ್ತೇವೆ. ಪಾವಗಡದಲ್ಲಿ 13 ಸಾವಿರ ಎಕರೆಯಲ್ಲಿ 2,050 ಮೆಗಾವಾಟ್ ಸೌರ ಪಾರ್ಕ್ ಇದೆ. ಭೂಮಿ ಕೊಟ್ಟವರಿಗೆ ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿಯಿಂದ ಶುರುವಾದ ಬಾಡಿಗೆ ಬರುತ್ತದೆ. ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ, ಸ್ವಂತ ತುಂಡು ನೆಲವೂ ಇಲ್ಲದವರಿಗೆ ಬಾಡಿಗೆಯೂ ಇಲ್ಲ, ಕೂಲಿಯೂ ಇಲ್ಲ. ಅದಿರಲಿ, ಸೂರ್ಯ ಸಂಜೆ ಆರೂವರೆಗೆ ಮನೆಗೆ ಹೋಗುತ್ತಾನೆ. ಕಾರಿನ ಯಜಮಾನರು ಚಾರ್ಜರ್ ಸಿಕ್ಕಿಸುವುದು ಎಂಟಕ್ಕೆ. ದಕ್ಷಿಣದ ಜಾಲ 2013ರ ಕೊನೆಯ ದಿನ ರಾಷ್ಟ್ರೀಯ ಗ್ರಿಡ್‌ಗೆ ಸೇರಿಕೊಂಡ ಮೇಲೆ 'ನಮ್ಮ ಕರೆಂಟು' ಎಂಬ ಮಾತಿಗೂ ಹೆಚ್ಚು ಅರ್ಥವಿಲ್ಲ. ರಾತ್ರಿ ಎಂಟರ ಹೆಚ್ಚುವರಿ ಬೇಡಿಕೆಗೆ ದುಡಿಯುವುದರಲ್ಲಿ ರಾಯಚೂರಿನ ಶಕ್ತಿನಗರ, ಬಳ್ಳಾರಿಯ ಕುಡಿತಿನಿಯ ಕಲ್ಲಿದ್ದಲ ಸ್ಥಾವರಗಳೂ ಸೇರುತ್ತವೆ. ಹೊಗೆ ಬೆಂಗಳೂರಿನ ಸಿಗ್ನಲ್ಲಿನಿಂದ ಎದ್ದು ಶಕ್ತಿನಗರದ ಆಸುಪಾಸಿನವರ ಅಂಗಳಕ್ಕೆ ಹಾರುಬೂದಿಯಾಗಿ ಇಳಿಯುತ್ತದೆ.

ಹಗಲಿನ ಸೌರ ವಿದ್ಯುತ್ತನ್ನು ರಾತ್ರಿಗೆ ಕೂಡಿಡಬೇಕು. ಅದಕ್ಕೆ ನಮ್ಮ ಸರ್ಕಾರ ಕಂಡುಕೊಂಡ ದೊಡ್ಡ ಉಪಾಯ ಶರಾವತಿ ಪಂಪ್ಡ್ ಸ್ಟೋರೇಜ್. ಹಗಲು ಗೇರುಸೊಪ್ಪೆಯ ನೀರನ್ನು ತಳಕಳಲೆಗೆ ಎತ್ತಿ, ರಾತ್ರಿ ಕೆಳಗೆ ಬಿಟ್ಟು 2,000 ಮೆಗಾವಾಟ್ ತೆಗೆಯುವುದು. ಎತ್ತಿಳಿಸುವುದರಲ್ಲೇ ಐದನೇ ಒಂದು ಪಾಲು ಸೋರಿಹೋಗುತ್ತದೆ. ನಡುವೆ ಇರುವುದು ಸಿಂಗಳೀಕಗಳ ಅಭಯಾರಣ್ಯ. 1964ರಲ್ಲಿ ಲಿಂಗನಮಕ್ಕಿ ತುಂಬಿದಾಗ ಊರು ಬಿಟ್ಟ ಮುಳುಗಡೆ ಸಂತ್ರಸ್ತರಲ್ಲಿ ಎಷ್ಟೋ ಮಂದಿ ಹಕ್ಕುಪತ್ರಕ್ಕಾಗಿ ಇಂದಿಗೂ ಕಚೇರಿ ಅಲೆಯುತ್ತಿದ್ದಾರೆ. ನಾಡಿಗೆ ಬೆಳಕು ಕೊಟ್ಟವರು ಎಂದು ಅವರನ್ನು ಭಾಷಣಗಳಲ್ಲಿ ಹೊಗಳುತ್ತೇವೆ. ಆ ಹಿನ್ನೀರನ್ನು ಲಾಂಚ್ ಹತ್ತಿಯೇ ದಾಟುತ್ತಿದ್ದ ತುಮರಿ ಕಡೆಯವರಿಗೆ ಸೇತುವೆ ಸಿಕ್ಕಿದ್ದು 2025ರ ಜುಲೈಯಲ್ಲಿ. ಉದ್ಘಾಟಿಸಿದವರು ಅದೇ ಗಡ್ಕರಿ. ಅದೇ ಕಣಿವೆಯನ್ನು ಈಗ ಮತ್ತೊಮ್ಮೆ ಕೇಳುತ್ತಿದ್ದೇವೆ, ಈ ಸಲ ಪರಿಸರದ ಹೆಸರಿನಲ್ಲಿ.

ಬಸ್ಸಿಗಾಗಿ, ಆಟೋಗಾಗಿ, ಕೃಷಿ ಪಂಪಿಗಾಗಿ ಕೇಳಿದರೆ ಕೂತು ಮಾತಾಡೋಣ, ಅಲ್ಲಿಯೂ ಹೂಂ ಎನ್ನುವುದು ಸುಲಭವಲ್ಲ. ಒಬ್ಬರೇ ಕೂತು ಸಿಲ್ಕ್ ಬೋರ್ಡ್‌ನಲ್ಲಿ ಮುಕ್ಕಾಲು ಗಂಟೆ ನಿಲ್ಲುವ ಎರಡೂವರೆ ಟನ್ ಕಾರಿಗಾಗಿ? ವಿದ್ಯುತ್ ಕಾರು ನಿಂತ ಟ್ರಾಫಿಕ್ಕೂ ಟ್ರಾಫಿಕ್ಕೇ. ಬೆಂಗಳೂರಿನಲ್ಲಿ ವಾಹನಗಳು ಕೋಟಿ ದಾಟಿವೆ, ಬಿಎಂಟಿಸಿ ಬಸ್ಸುಗಳು ಏಳು ಸಾವಿರದ ಆಸುಪಾಸು.

2024ರಲ್ಲಿ ಕರ್ನಾಟಕ ಸರ್ಕಾರ 25 ಲಕ್ಷ ಮೀರಿದ ವಿದ್ಯುತ್ ಕಾರುಗಳಿಗೆ ಶೇ 10 ಆಜೀವ ತೆರಿಗೆ ಹಾಕಿದಾಗ, 2017ರಲ್ಲಿ ದೇಶಕ್ಕೇ ಮೊದಲು ವಿದ್ಯುತ್ ವಾಹನ ನೀತಿ ತಂದ ರಾಜ್ಯ ಹೀಗೆ ಮಾಡಬಹುದೇ ಎಂದು ಹುಯಿಲೆದ್ದಿತು. ಮಾಡಬಹುದು, ಇನ್ನೂ ಹೆಚ್ಚು ಮಾಡಬೇಕು. ನನ್ನ ಆಕ್ಷೇಪ ಅಳತೆಗೋಲಿನ ಬಗ್ಗೆ ಮಾತ್ರ. ತೆರಿಗೆ ಬೆಲೆಯ ಮೇಲಲ್ಲ, ತೂಕ ಮತ್ತು ಬ್ಯಾಟರಿಯ ಯೂನಿಟ್ಟಿನ ಮೇಲೆ ಬೀಳಬೇಕು. ಮೂರು ಯೂನಿಟ್ಟಿನ ಸ್ಕೂಟರಿಗೆ ಸೊನ್ನೆ, ಟ್ಯಾಕ್ಸಿಗೆ ಸೊನ್ನೆ, ಮೂವತ್ತು ದಾಟಿದ ಮೇಲೆ ಪ್ರತಿ ಯೂನಿಟ್ಟಿಗೂ ಏರುತ್ತಾ ಹೋಗಲಿ. ಆ ಹಣ ಬಿಎಂಟಿಸಿಗೆ, ಹುಬ್ಬಳ್ಳಿ ಧಾರವಾಡದ ಬಸ್ಸಿಗೆ, ಮೈಸೂರಿನ ಬಸ್ಸಿಗೆ ಹೋಗಲಿ.

ನಮ್ಮ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಆರು ಹಸಿರು ಪ್ಲೇಟಿನ ಕಾರುಗಳಿವೆ. ಸಂಜೆ ಕರೆಂಟ್ ಹೋದರೆ ಜನರೇಟರ್ ಗುಡುಗುತ್ತದೆ, ಕಾರುಗಳು ಡೀಸೆಲ್ ಕುಡಿಯುತ್ತಾ ಚಾರ್ಜ್ ಆಗುತ್ತಲೇ ಇರುತ್ತವೆ. ಈ ಲೇಖನದ ಲೆಕ್ಕವನ್ನೆಲ್ಲ ಅವುಗಳಲ್ಲೊಂದರ ಯಜಮಾನರಿಗೆ, ಎದುರು ಫ್ಲ್ಯಾಟಿನ ಸಾಫ್ಟ್‌ವೇರ್ ಮಿತ್ರರಿಗೆ, ಒಪ್ಪಿಸಿದೆ. ಸಮಾಧಾನದಿಂದಲೇ ಕೇಳಿಸಿಕೊಂಡರು.

'ಹಾಗಾದ್ರೆ ಕಾರು ಮಾರ್ಬಿಡ್ಲಾ ಸಾರ್?'

'ಬೇಡ. ಹಗಲು ಹೊತ್ತು ಆಫೀಸಲ್ಲಿ ಚಾರ್ಜ್ ಮಾಡಿ.'

'ಆಫೀಸಲ್ಲಿ ಪಾಯಿಂಟೇ ಇಲ್ಲ ಸಾರ್. ಬಸ್ಸಲ್ಲಿ ಹೋಗೋಣ ಅಂದ್ರೆ, ಈ ಲೇಔಟಿಂದ ಬಸ್ಸೇ ಇಲ್ವಲ್ಲ.'