ದ್ವೀಪಕ್ಕೆ ಹೊರಟಿರಾ? ನಿಮ್ಮ ಬದಲಿ ಬಟ್ಟೆ ಇಟ್ಟುಕೊಂಡಿರಾ?



ಕಡೂರು ಕಡೆಯ ಓದುಗರೊಬ್ಬರು ಬರೆದಿದ್ದಾರೆ: “ಮಗ-ಸೊಸೆ ಈ ಸಲ ಸಮುದ್ರದ ನಡುವಿನ ದ್ವೀಪಕ್ಕೆ ಕರೆದುಕೊಂಡು ಹೋಗುತ್ತೇವೆ ಅನ್ನುತ್ತಿದ್ದಾರೆ. ನಾನು ಬಯಲುಸೀಮೆಯವಳು, ಕೆರೆ-ಬಾವಿ ಬಿಟ್ಟು ಬೇರೆ ನೀರು ಕಂಡವಳಲ್ಲ. ಚೀಲದಲ್ಲಿ ಏನೇನು ಇಟ್ಟುಕೊಳ್ಳಲಿ?”

ಒಳ್ಳೆಯ ಹೊತ್ತಿಗೇ ಕೇಳಿದಿರಿ. ನಮ್ಮ ಅಮೃತಾಪುರದ ಮನೆಯಿಂದ ನಾವು ಆರು ಜನ ಅಡಿಕೆ ಕೊಯ್ಲಿನ ಗಲಾಟೆ ಮುಗಿಸಿ, ಫೆಬ್ರವರಿಯಲ್ಲಿ ಉಡುಪಿಗೆ ಹೋಗಿ, ಅಲ್ಲಿಂದ ಮಲ್ಪೆಯ ದೋಣಿ ಹತ್ತಿ ಸೇಂಟ್ ಮೇರೀಸ್ ದ್ವೀಪ ನೋಡಿ ಬಂದೆವು. ನಮ್ಮಂಥವರಿಗೆ ಕೈಗೆಟಕುವ ದ್ವೀಪವೆಂದರೆ ಅದೇ. ದಡದಿಂದ ಸುಮಾರು 6 ಕಿಲೋಮೀಟರ್. ರಾತ್ರಿ ಅಲ್ಲಿ ಉಳಿಯಲು ಬಿಡುವುದಿಲ್ಲ, ಬೆಳಿಗ್ಗೆ ಹೋಗಿ ಸಂಜೆಯೊಳಗೆ ಬರುವುದು. ಮಳೆಗಾಲದಲ್ಲಿ ದೋಣಿ ಇರುವುದಿಲ್ಲ. ಆದ್ದರಿಂದ ಡಿಸೆಂಬರಿನಿಂದ ಫೆಬ್ರವರಿಯೊಳಗೆ ಹೋಗಿಬನ್ನಿ, ಕಡಲೂ ಸೌಮ್ಯವಾಗಿರುತ್ತದೆ.

ಏನು ಇಡಬೇಕು ಎನ್ನುವುದಕ್ಕೆ ಮೊದಲು ನಾನೊಮ್ಮೆ ಏನು ಇಡಲಿಲ್ಲ ಎಂಬುದನ್ನು ಹೇಳಿಬಿಡುತ್ತೇನೆ. ಹದಿನೈದು ವರ್ಷದ ಹಿಂದೆ ಇದೇ ಮಲ್ಪೆ ಕಡಲಿಗೆ ಹೋಗಿದ್ದೆವು. ಮೂರು ಚೀಲ ಕಟ್ಟಿದ್ದೆ. ಒಂದರ ತುಂಬ ಚಕ್ಕುಲಿ, ಕೋಡುಬಳೆ, ರವೆಉಂಡೆ. ಇವರಿಗೆ ಎರಡು ಜೊತೆ ಬಟ್ಟೆ, ಮಕ್ಕಳಿಗೆ ಮೂರು ಮೂರು, ಮೈದುನನ ಕೂಸಿಗೆ ಸ್ವೆಟರು ಬೇರೆ. (ಸಮುದ್ರಕ್ಕೆ ಸ್ವೆಟರು! ನಗಬೇಡಿ.) ಎಲ್ಲರೂ ನೀರಿಗಿಳಿದರು. “ಬಾರಮ್ಮ, ಬಾರಮ್ಮ” ಎಂದು ಮಕ್ಕಳು ಕೂಗಿದಾಗ ನೋಡಿಕೊಂಡರೆ, ಮೂರು ಚೀಲದಲ್ಲಿ ನನಗೆಂದು ಒಂದು ಬದಲಿ ಸೀರೆ ಇಲ್ಲ. ಮೈಮೇಲೆ ಇದ್ದದ್ದು ರೇಷ್ಮೆ ಸೀರೆ, ಬೆಳಿಗ್ಗೆ ಕೃಷ್ಣಮಠಕ್ಕೆ ಹೋಗಿದ್ದೆವಲ್ಲ. “ನಾನು ಇಲ್ಲೇ ಕೂತು ಚೀಲ ನೋಡ್ಕೋತೀನಿ” ಎಂದೆ. ಒಂದೂವರೆ ಗಂಟೆ ನೋಡಿಕೊಂಡೆ. ಚೀಲಗಳು ಎಲ್ಲಿಗೂ ಹೋಗಲಿಲ್ಲ.

ಈ ಸಲವೂ ಹಾಗೇ ಆಗುತ್ತಿತ್ತೋ ಏನೋ. ಹೊರಡುವ ಹಿಂದಿನ ರಾತ್ರಿ ನಾನು ಒಲೆಯ ಮುಂದೆ ಇದ್ದಾಗ ನಮ್ಮ ಅತ್ತೆ ಬಂದು ನಿಂತರು. ಎಪ್ಪತ್ತಾರು ವರ್ಷ, ಮಂಡಿನೋವು, ಬಿ.ಪಿ. ಲಕ್ಕವಳ್ಳಿಯ ಭದ್ರಾ ಅಣೆಕಟ್ಟಿಗಿಂತ ದೊಡ್ಡ ನೀರು ಕಂಡವರಲ್ಲ. ಮೆಲ್ಲಗೆ ಕೇಳಿದರು: “ದಡದಲ್ಲಿ ಕೂರೋಕೆ ಅಷ್ಟು ದೂರ ಬರ್ಬೇಕೇನೇ? ನಂಗೂ ನೀರಿಗಿಳಿಯೋಕೆ ಒಂದು ಸೀರೆ ಇಡು.” ಬಾಣಲೆ ಇಳಿಸಿ, ಚೀಲವನ್ನೆಲ್ಲ ಬಿಚ್ಚಿ, ಮೊದಲಿನಿಂದ ಕಟ್ಟಿದೆ. ಈ ಸಲ ಮೊದಲು ಇಟ್ಟದ್ದು ಹೆಂಗಸರ ಬಟ್ಟೆ.

ಹತ್ತಿ ಸೀರೆ ನೀರಿಗೆ ಒಳ್ಳೆಯದಲ್ಲ. ನೆನೆದರೆ ಕಲ್ಲಿನಂತೆ ಭಾರ, ಅಲೆ ಹಿಂದಕ್ಕೆ ಸರಿಯುವಾಗ ಕಾಲಿಗೆ ಸುತ್ತಿಕೊಂಡು ಬೀಳಿಸುತ್ತದೆ. ವಯಸ್ಸಾದವರಿಗೆ ಅದೇ ದೊಡ್ಡ ಅಪಾಯ. ಚೂಡಿದಾರ ಹಾಕುವವರು ಹಳೆಯದೊಂದು ಗಾಢ ಬಣ್ಣದ ಸಿಂಥೆಟಿಕ್ ಜೊತೆ ತೆಗೆದಿಡಿ, ದುಪಟ್ಟಾ ಮನೆಯಲ್ಲೇ ಇರಲಿ. ತಿಳಿ ಬಣ್ಣ ನೆನೆದರೆ ಮೈ ಕಾಣುತ್ತದೆ, ಆಮೇಲೆ ಸಂಕೋಚದಿಂದ ನೀರಿಂದ ಮೇಲೇಳುವುದೇ ಕಷ್ಟ. ನಮ್ಮತ್ತೆ ಚೂಡಿದಾರಕ್ಕೆ ಖಂಡಿತ ಒಪ್ಪಲಿಲ್ಲ. ಕೊನೆಗೆ ಅವರದೇ ಹಳೆಯ ನೈಲೆಕ್ಸ್ ಸೀರೆಯನ್ನು, ಗದ್ದೆ ನಾಟಿಗೆ ಇಳಿಯುವಾಗ ಎತ್ತಿ ಕಟ್ಟುತ್ತಿದ್ದರಲ್ಲ, ಹಾಗೆ ಮೊಣಕಾಲವರೆಗೆ ಎತ್ತಿ ಕಚ್ಚೆ ಹಾಕಿ ಕಟ್ಟುವುದು ಎಂದಾಯಿತು. ಸೆರಗು ಸೊಂಟಕ್ಕೆ ಬಿಗಿದು ಎರಡು ಪಿನ್ನು. ಅಂಗಳದಲ್ಲಿ ಒಮ್ಮೆ ಕಟ್ಟಿ ನಡೆದೂ ನೋಡಿದೆವು.

ಮೈ ಒರೆಸಲು ದಪ್ಪ ಟರ್ಕಿ ಟವಲು ಬೇಡ. ನೆನೆದರೆ ಚೀಲದ ಭಾರ ಎರಡರಷ್ಟಾಗುತ್ತದೆ, ಸಂಜೆಯವರೆಗೂ ಒಣಗುವುದಿಲ್ಲ. ಹಳೆಯ ಪಂಚೆ ಹರಿದು ತಲೆಗೊಂದು ತುಂಡು ಮಾಡಿ. ಗಾಳಿಗೆ ಹಿಡಿದರೆ ಕಾಲು ಗಂಟೆಯಲ್ಲಿ ಒಣಗುತ್ತದೆ, ಬಟ್ಟೆ ಬದಲಿಸುವಾಗ ಇಬ್ಬರು ಹಿಡಿದು ನಿಂತರೆ ಮರೆಯೂ ಆಯಿತು.

ಚಿನ್ನವನ್ನು ಬಿಚ್ಚಿ ಮನೆಯಲ್ಲೇ ಇಡಿ. ನೀರಿನಲ್ಲಿ ಬೆರಳು ತಣ್ಣಗಾಗಿ ಸಣ್ಣಗಾಗುತ್ತವೆ, ಉಂಗುರ ಜಾರಿದ್ದು ಗೊತ್ತೇ ಆಗುವುದಿಲ್ಲ. ಕಾಲುಂಗುರವಂತೂ ಮರಳು ಎಳೆದುಕೊಂಡೇ ಹೋಗುತ್ತದೆ. ತಾಳಿ ತೆಗೆಯಲು ಮನಸ್ಸಿಲ್ಲದವರು ಸರ ಬಿಟ್ಟು ಅರಿಶಿನ ದಾರಕ್ಕೆ ಪೋಣಿಸಿಕೊಂಡು ರವಿಕೆಯೊಳಗೆ ಪಿನ್ನು ಹಾಕಿಕೊಳ್ಳಿ.

ಚಪ್ಪಲಿಯ ವಿಷಯದಲ್ಲಿ ನಾನೇ ತಪ್ಪು ಮಾಡಿದೆ. ಹವಾಯಿ ಚಪ್ಪಲಿ ಸಾಕು ಅಂದುಕೊಂಡಿದ್ದೆ. ದೋಣಿಯಿಂದ ಇಳಿದು ನಾಲ್ಕು ಹೆಜ್ಜೆ ನೀರಲ್ಲಿ ಇಡುವಷ್ಟರಲ್ಲಿ ಒಂದು ತೇಲಿ ಹೋಯಿತು! ಹಿಮ್ಮಡಿಗೆ ಪಟ್ಟಿ ಇರುವ ಪ್ಲಾಸ್ಟಿಕ್ ಅಥವಾ ರಬ್ಬರ್ ಸ್ಯಾಂಡಲ್ ಬೇಕು. ಆ ದ್ವೀಪದಲ್ಲಿ ಕೆಲವು ಕಡೆ ಮರಳಿಗಿಂತ ಒಡೆದ ಚಿಪ್ಪೇ ಹೆಚ್ಚು, ಬರಿಗಾಲಲ್ಲಿ ನಡೆದರೆ ಕೊಯ್ಯುತ್ತದೆ.

ಬಿಸಿಲಿನ ಮಾತು. ತೆಂಗಿನ ಮರಗಳಿವೆ ನಿಜ, ಆದರೆ ತೆಂಗಿನ ನೆರಳು ಎಷ್ಟೆಂದು ತೋಟ ಇರುವ ನಮಗೆ ಹೇಳಬೇಕೆ? ಕೊಡೆ ದಡದಲ್ಲಿ ಸರಿ, ದೋಣಿಯ ಗಾಳಿಗೆ ಮಗುಚಿಕೊಳ್ಳುತ್ತದೆ. ಗದ್ದಕ್ಕೆ ಲಾಡಿ ಇರುವ ಹ್ಯಾಟು ಇರಲಿ. ಬಿಸಿಲಿಗೆ ಹಚ್ಚುವ ಸನ್‌ಸ್ಕ್ರೀನ್ ಕ್ರೀಮು ಹುಡುಗಿಯರ ಬೆಳ್ಳಗಾಗುವ ಶೋಕಿ ಎಂದು ನಾನು ಬಹಳ ದಿನ ತಿಳಿದಿದ್ದೆ. ಅಲ್ಲ, ಚರ್ಮ ಸುಡದಿರಲಿ ಎಂದು. ಎಸ್‌ಪಿಎಫ್ 30 ಅಥವಾ ಅದಕ್ಕಿಂತ ಹೆಚ್ಚಿನದು ತೆಗೆದುಕೊಳ್ಳಿ. ಬಿಸಿಲಿಗೆ ಹೋಗುವ ಇಪ್ಪತ್ತು ನಿಮಿಷ ಮೊದಲು ಹಚ್ಚಿ, ಎರಡು ಗಂಟೆಗೊಮ್ಮೆ, ನೀರಿಂದ ಎದ್ದ ಮೇಲೂ ಮತ್ತೆ ಹಚ್ಚಬೇಕು. ಕತ್ತಿನ ಹಿಂಭಾಗ ಮತ್ತು ಪಾದದ ಮೇಲ್ಭಾಗ ಎಲ್ಲರೂ ಮರೆಯುವ ಜಾಗ.

ಈಗ ಊಟ. ಕಾಯಿ ಹಾಕಿದ ಚಿತ್ರಾನ್ನ ಕರಾವಳಿಯ ಸೆಕೆಗೆ ಮಧ್ಯಾಹ್ನದೊಳಗೆ ಹಳಸುತ್ತದೆ. ನಾನು ಮಾಡಿದ್ದು ಗೊಜ್ಜವಲಕ್ಕಿ. ಎರಡು ಲೋಟ ಗಟ್ಟಿ ಅವಲಕ್ಕಿಯನ್ನು ತರಿತರಿಯಾಗಿ ಪುಡಿ ಮಾಡಿ. ನಿಂಬೆಗಾತ್ರದ ಹುಣಿಸೆಹಣ್ಣನ್ನು ಬಿಸಿನೀರಲ್ಲಿ ನೆನೆಸಿ, ಕಿವುಚಿ, ಒಂದೂಕಾಲು ಲೋಟ ರಸ ಮಾಡಿ. ಅದಕ್ಕೆ ಬೆಲ್ಲ, ಉಪ್ಪು, ಎರಡು ಚಮಚ ಸಾರಿನ ಪುಡಿ ಕಲಸಿ ಅವಲಕ್ಕಿಗೆ ಹಾಕಿ ಅರ್ಧ ಗಂಟೆ ಬಿಡಿ. ಉದುರುದುರಾದ ಮೇಲೆ ಧಾರಾಳ ಎಣ್ಣೆಯಲ್ಲಿ ಸಾಸಿವೆ, ಕಡಲೆಬೇಳೆ, ಕಡಲೆಬೀಜ, ಒಣಮೆಣಸಿನಕಾಯಿ, ಇಂಗು, ಕರಿಬೇವಿನ ಒಗ್ಗರಣೆ. ಹಸಿಕಾಯಿ ಸೇರಿಸಲೇಬೇಡಿ, ಸಂಜೆಯವರೆಗೂ ಕೆಡುವುದಿಲ್ಲ. ಇದನ್ನು ಮಲ್ಪೆಯ ದಡದಲ್ಲೇ, ದೋಣಿ ಹತ್ತುವ ಮೊದಲು, ಅಡಿಕೆ ಹಾಳೆಯ ತಟ್ಟೆಯಲ್ಲಿ ತಿಂದು ಮುಗಿಸಿದೆವು. ಕೂರಲು ಅಡಿಕೆ ಒಣಗಿಸುವ ಟಾರ್ಪಾಲಿನ ಹಳೆಯ ತುಂಡು. ಜಾಡಿಸಿದರೆ ಮರಳು ನಿಲ್ಲುವುದಿಲ್ಲ, ಜಮಖಾನೆ ಅಷ್ಟು ಸುಲಭವಲ್ಲ. ದ್ವೀಪಕ್ಕೆ ಸ್ಟೀಲಿನ ಬಾಟಲಿಯಲ್ಲಿ ನೀರು ಒಯ್ದೆವು ಅಷ್ಟೆ. ಪ್ಲಾಸ್ಟಿಕ್ ಚೀಲ, ಬಾಟಲಿ ಏನನ್ನೂ ಒಯ್ಯಬೇಡಿ. ತಿಂಡಿ ಒಯ್ಯುವುದಿದ್ದರೆ ಬಿಡುತ್ತಾರೆಯೇ ಎಂದು ಟಿಕೆಟ್ ಕೊಡುವಲ್ಲಿ ಕೇಳಿಕೊಳ್ಳಿ.

ಔಷಧಿಯ ಡಬ್ಬಿಯಲ್ಲಿ ವಾಂತಿಯ ಮಾತ್ರೆ ಮೊದಲು. ತೀರ್ಥಹಳ್ಳಿ ದಾಟಿ ಆಗುಂಬೆ ಘಾಟಿ ಇಳಿಯುವಾಗ 14 ಹೇರ್‌ಪಿನ್ ತಿರುವುಗಳು. ವೈದ್ಯರನ್ನು ಕೇಳಿ ತಂದ ಮಾತ್ರೆಯನ್ನು ಘಾಟಿಗೆ ಒಂದು ಗಂಟೆ ಮೊದಲೇ ನುಂಗಿ. ಮೂರನೆಯ ತಿರುವಿನಲ್ಲಿ ನುಂಗಿದರೆ ನಾಲ್ಕನೆಯದರಲ್ಲಿ ಮಾತ್ರೆಯೂ ಹೊರಗೆ. ವಾಂತಿ-ಭೇದಿ ಆದರೆ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಆರು ಮಟ್ಟಸ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿ ಗುಟುಕು ಗುಟುಕಾಗಿ ಕೊಡಿ. ಹಿರಿಯರ ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಎರಡು ಪಾಲು ಮಾಡಿ ಎರಡು ಚೀಲದಲ್ಲಿಡಿ. ಒಂದು ಕಳೆದರೆ ಇನ್ನೊಂದಿರುತ್ತದೆ.

ನಾಚಿಕೆಯಿಂದ ಯಾರೂ ಬರೆದು ಕೇಳದ ಮಾತೊಂದಿದೆ. ತಿಂಗಳ ದಿನ ಪ್ರವಾಸದ ಮಧ್ಯೆ ಬಂದರೆ? ಮುಂದೂಡುವ ಮಾತ್ರೆಯನ್ನು ಔಷಧಿ ಅಂಗಡಿಯಲ್ಲಿ ತಾವಾಗಿ ಕೇಳಿ ನುಂಗಬೇಡಿ. ಬಿ.ಪಿ., ಅರೆತಲೆನೋವು, ರಕ್ತ ಹೆಪ್ಪುಗಟ್ಟುವ ತೊಂದರೆ ಇರುವವರಿಗೆ ಅದು ಅಪಾಯವಾಗಬಹುದು, ವೈದ್ಯರನ್ನೇ ಕೇಳಿ. ಪ್ಯಾಡು ಹಾಕಿಕೊಂಡು ನೀರಿಗಿಳಿದರೆ ಅದು ನೀರು ಕುಡಿದು ಊದಿಕೊಳ್ಳುತ್ತದೆ, ಉಪಯೋಗವಿಲ್ಲ. ಅಂದು ಪಾದ ಮುಳುಗುವಷ್ಟು ನೀರಲ್ಲಿ ನಡೆಯಿರಿ, ಅದೂ ಸುಖವೇ. ಪ್ಯಾಡು, ಕಾಗದ, ಒಂದು ಗಾಢ ಬಣ್ಣದ ಲಂಗ, ಇವನ್ನು ದಿನ ಇಲ್ಲದಿದ್ದರೂ ಇಟ್ಟುಕೊಂಡಿರಿ. ಜೊತೆಗೆ ಬಂದ ಇನ್ನೊಬ್ಬಳಿಗಾದೀತು.

ಇನ್ನು ಚಿಲ್ಲರೆ: ಪಿನ್ನು, ಸೂಜಿ-ದಾರ, ಬಟ್ಟೆ ಒಣಗಿಸಲು ಎರಡು ಮಾರು ಹಗ್ಗ, ಒದ್ದೆ ಬಟ್ಟೆಗೆ ರೆಕ್ಸಿನ್ ಚೀಲ, ಮೊಬೈಲಿಗೆ ನೀರು ನುಗ್ಗದ ಜಿಪ್ ಪೊಟ್ಟಣ. ಮೈಗೆ ಹಚ್ಚುವ ಟಾಲ್ಕಂ ಪೌಡರು ಮರೆಯಬೇಡಿ. ಕಾಲಿನ ಮರಳನ್ನು ತೊಳೆದು ತೊಳೆದು ಸಾಕಾಗುತ್ತದಲ್ಲ, ಒದ್ದೆ ಒರೆಸಿ ಪೌಡರು ಉದುರಿಸಿ ಕೈಯಾಡಿಸಿ, ಮರಳು ತಾನೇ ಉದುರುತ್ತದೆ.

ಇನ್ನೂ ದೂರ, ಅಂಡಮಾನಿಗೆ ಹೊರಟವರಿಗೆ ಎರಡು ಮಾತು. ಮಗಳ ಮನೆಗೆ ಒಯ್ಯುವಂತೆ ಇಡೀ ಒಣಕೊಬ್ಬರಿ ಕಟ್ಟಬೇಡಿ. ಎಣ್ಣೆ ಅಂಶಕ್ಕೆ ಬೆಂಕಿ ಹತ್ತೀತೆಂದು ವಿಮಾನದ ಸಾಮಾನಿನಲ್ಲಿ ಅದನ್ನು ಬಿಡುವುದಿಲ್ಲ. ಅಲ್ಲಿ ಚಳಿಗಾಲದಲ್ಲಿ ಸಂಜೆ ಐದೂವರೆ ಹೊತ್ತಿಗೆಲ್ಲ ಸೂರ್ಯ ಮುಳುಗುವುದರಿಂದ ಟಾರ್ಚು ಬೇಕು. ಹವಳ, ಚಿಪ್ಪು ಆರಿಸಿ ತರುವುದು ಅಪರಾಧ.

ಅಂತೂ ನಮ್ಮ ದೋಣಿ ಹೊರಟಿತು. ಲೈಫ್ ಜಾಕೆಟ್ಟಿನ ಲಾಡಿ ಕಟ್ಟಿಸಿಕೊಳ್ಳದ ಇವರಿಗೆ ಅತ್ತೆಯೇ ಗದರಿ ಕಟ್ಟಿಸಿದರು. ಇಳಿದ ಕೂಡಲೇ ಕಣ್ಣಿಗೆ ಬೀಳುವುದು ಕಂಬಗಳು. ಆರು ಮೂಲೆ, ಐದು ಮೂಲೆಯ ಕಲ್ಲಿನ ಕಂಬಗಳು ಒತ್ತೊತ್ತಾಗಿ ಕಡಲಿಗೆ ನಿಂತಿವೆ. ನಮ್ಮೂರ ಅಮೃತೇಶ್ವರನ ಗುಡಿ 1196ರದು, ಹೊಯ್ಸಳ ವೀರಬಲ್ಲಾಳನ ದಂಡನಾಯಕ ಕಟ್ಟಿಸಿದ್ದು. ಅಲ್ಲಿನ ತಿರುಗಣೆ ಕಂಬಗಳನ್ನು ಅತ್ತೆ ಐವತ್ತು ವರ್ಷದಿಂದ ಮುಟ್ಟಿ ನಮಸ್ಕರಿಸಿದವರು. ಇಲ್ಲಿಯೂ ಒಂದನ್ನು ಸವರಿ, “ಇದನ್ನ ಯಾವ ರಾಜ ಕಡೆಸಿದ್ದೇ?” ಎಂದರು. ಯಾರೂ ಕಡೆದದ್ದಲ್ಲ ಅತ್ತೆ, ಸುಮಾರು 8.8 ಕೋಟಿ ವರ್ಷದ ಹಿಂದೆ, ನಮ್ಮ ನೆಲದಿಂದ ಮಡಗಾಸ್ಕರ್ ಬೇರೆಯಾಗುವ ಕಾಲದಲ್ಲಿ, ಭೂಮಿಯಿಂದ ಉಕ್ಕಿದ ಲಾವಾ ಆರುವಾಗ ಹೀಗೆ ಬಿರುಕುಬಿಟ್ಟು ಕಂಬವಾಯಿತಂತೆ ಎಂದೆ. ಭೂವೈಜ್ಞಾನಿಕ ಸರ್ವೇಕ್ಷಣೆಯವರು ಅದನ್ನು ರಾಷ್ಟ್ರೀಯ ಸ್ಮಾರಕವೆಂದು ಗುರುತಿಸಿದ್ದಾರೆ. ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಇದಕ್ಕೂ ಕೈ ಮುಗಿದರು.

ಆ ಬಂಡೆಗಳ ಮೇಲೆ ಹತ್ತಿ ಫೋಟೋ ತೆಗೆಸಿಕೊಳ್ಳಲು ಮಕ್ಕಳನ್ನು ಬಿಡಬೇಡಿ. ಪಾಚಿ ಜಾರುತ್ತದೆ, ಕೆಳಗೆ ಆಳ. 2022ರ ಏಪ್ರಿಲಿನಲ್ಲಿ ಕೇರಳದಿಂದ ಪ್ರವಾಸ ಬಂದಿದ್ದ ಕಾಲೇಜು ಹುಡುಗರು ಇಲ್ಲಿ ಮುಳುಗಿ ತೀರಿಕೊಂಡರು. ಕಾವಲಿನವರು ತೋರಿಸಿದ ಜಾಗದಲ್ಲಿ ಮಾತ್ರ ನೀರಿಗಿಳಿಯಿರಿ. ಜೆಲ್ಲಿ ಮೀನು ಕುಟುಕಿದರೆ ಉಜ್ಜಬೇಡಿ, ಸಿಹಿನೀರು ಸುರಿಯಬೇಡಿ, ಸಮುದ್ರದ ನೀರಿನಲ್ಲೇ ತೊಳೆದು ಕಾವಲಿನವರ ಬಳಿ ಓಡಿ.

ಅತ್ತೆಯ ಒಂದು ಕೈ ನಾನು, ಇನ್ನೊಂದು ಕೈ ನನ್ನ ಮಗಳು ಹಿಡಿದು ಇಳಿದೆವು. ಮೊದಲ ಅಲೆಗೆ ನನ್ನ ಕೈಯನ್ನು ಬಳೆ ಒತ್ತುವಷ್ಟು ಬಿಗಿಯಾಗಿ ಹಿಡಿದರು. ಎರಡನೆಯದಕ್ಕೆ ನಕ್ಕರು. ಹತ್ತನೆಯದೋ ಹನ್ನೊಂದನೆಯದೋ ಬರುವಾಗ “ಕೈ ಬಿಡ್ರೇ” ಎಂದರು. ನಾವು ಬಿಡಲಿಲ್ಲ ಅನ್ನಿ. ದಡದಲ್ಲಿ ಟಾರ್ಪಾಲಿನ ಮೇಲೆ, ಲೈಫ್ ಜಾಕೆಟ್ ಬಿಚ್ಚದೆ, ಚೀಲಗಳನ್ನು ನೋಡಿಕೊಳ್ಳುತ್ತ ನಮ್ಮ ಮನೆಯವರು ಕೂತಿದ್ದರು.

ಉಪ್ಪುನೀರಿನ ಬಟ್ಟೆಯನ್ನು ಮನೆಗೆ ಬಂದು ನೇರ ಸೋಪಿಗೆ ಹಾಕಬೇಡಿ, ನೊರೆಯೇ ಬರುವುದಿಲ್ಲ. ಎರಡು ಸಲ ಬರಿ ನೀರಲ್ಲಿ ಜಾಲಿಸಿ ಆಮೇಲೆ ಸೋಪು. ಅತ್ತೆಯ ಸೀರೆ ಜಾಲಿಸಿದಾಗ ಬಕೆಟ್ಟಿನ ತಳದಲ್ಲಿ ಒಂದು ಹಿಡಿ ಮರಳು ನಿಂತಿತ್ತು. ಅವರು ಅದನ್ನು ಬಸಿದು ತುಳಸಿಕಟ್ಟೆಗೆ ಹಾಕಲು ಹೊರಟಿದ್ದರು. “ಉಪ್ಪಿನ ಮರಳು ಅತ್ತೆ, ತುಳಸಿ ಒಣಗ್ತಾಳೆ” ಎಂದೆ. ಹಾಗಾದರೆ ಬೇಡ ಎಂದು ಹೊರಬಾಗಿಲ ಮೆಟ್ಟಿಲ ಪಕ್ಕ ಸುರಿದರು. ಅಲ್ಲೇ ಇದೆ.