ಮೇಷ್ಟ್ರಿಗೆ ಪಾಠ ಹೇಳೋರು ಯಾರು?

ಬಸ್ಸು ಓಡಿಸುವವನಿಗೆ ಲೈಸೆನ್ಸು ಬೇಕು. ಟಿಕೆಟ್ ಕೊಡುವ ಕಂಡಕ್ಟರಿಗೂ ಲೈಸೆನ್ಸು ಬೇಕು. ಒಂದನೇ ಕ್ಲಾಸಿನ ಮಕ್ಕಳಿಗೆ ಅ ಆ ಇ ಈ ತಿದ್ದಿಸುವ ಮೇಷ್ಟ್ರು ಡಿ.ಎಡ್. ಮಾಡಿರಬೇಕು. ಹೈಸ್ಕೂಲಿನವರು ಬಿ.ಎಡ್. ಮಾಡಿರಬೇಕು. ಆದರೆ ಡಿಗ್ರಿ ಕಾಲೇಜಿನಲ್ಲಿ ಎಂಬತ್ತು ಹುಡುಗ ಹುಡುಗಿಯರ ಮುಂದೆ ನಿಲ್ಲುವವರು ಪಾಠ ಹೇಳುವುದನ್ನು ಎಲ್ಲೂ ಕಲಿತಿರಬೇಕಾಗಿಲ್ಲ! ಎಂ.ಎ., ಎಂ.ಕಾಂ. ಮುಗಿಸಿ ಬಂದವರ ಕೈಗೆ ಡಸ್ಟರ್ ಕೊಟ್ಟು, 'ಹೋಗಿ ಸಾರ್, ರೂಂ ನಂಬರ್ ನಾಲ್ಕು' ಎಂದರೆ ಮುಗಿಯಿತು.

ಹಾಗಾದರೆ ಅವರು ಕಲಿಯೋದು ಎಲ್ಲಿ? ಯಲಹಂಕ ದಾಟಿ ದೊಡ್ಡಬಳ್ಳಾಪುರಕ್ಕೆ ಬರುವ ಬೆಳಗಿನ ಬಸ್ಸಿನಲ್ಲಿ. ಕೆ.ಆರ್. ಪುರದಿಂದ ಹೊಸಕೋಟೆಗೆ, ಯಶವಂತಪುರದಿಂದ ನೆಲಮಂಗಲಕ್ಕೆ ಬರುವ ಬಸ್ಸುಗಳಲ್ಲಿ. ಕಾಲೇಜಿನ ಎದುರಿನ ಟೀ ಅಂಗಡಿಯಲ್ಲಿ. ದಿನಾ ಓಡಾಡುವವರ ಕಿವಿಗೆ ಈ ಮಾತು ಬಿದ್ದೇ ಇರುತ್ತದೆ.

'ಸಾರ್, ಡೆಬಿಟ್ಟು ಕ್ರೆಡಿಟ್ಟು ಎಷ್ಟು ಸಲ ಹೇಳಿದ್ರೂ ಹುಡುಗರ ತಲೆಗೆ ಹೋಗ್ತಿಲ್ಲ.'

'ಇಂಗ್ಲಿಷಲ್ಲಿ ಶುರು ಮಾಡ್ಬೇಡಿ ಮೇಡಂ. ಕಿರಾಣಿ ಅಂಗಡಿ ಸಾಲದ ಪುಸ್ತಕದಿಂದ ಶುರು ಮಾಡಿ. ಕನ್ನಡದಲ್ಲಿ ಅರ್ಥ ಆದ್ಮೇಲೆ ಇಂಗ್ಲಿಷ್ ಪದ ಬೋರ್ಡ್ ಮೇಲೆ ಬರೀರಿ. ಅರ್ಧ ಕ್ಲಾಸು ಅಂಗಡಿಯೋರ ಮಕ್ಕಳೇ.'

ಇಷ್ಟೇ ಮಾತು. ಆದರೆ ಇದು ಯಾವ ಪಠ್ಯಪುಸ್ತಕದಲ್ಲೂ ಇಲ್ಲ. ಹತ್ತು ವರ್ಷ ಪಾಠ ಮಾಡಿದವರ ಅನುಭವ ಇದು. ಪಕ್ಕದ ಸೀಟು ಸಿಕ್ಕ ಹೊಸಬರಿಗೆ ದಕ್ಕಿತು. ಸೀಟು ಸಿಗದವರಿಗೆ ಇಲ್ಲ.

ಮಗ್ಗದಿಂದ ಕಲಿಯಬೇಕಾದ್ದು

ದೊಡ್ಡಬಳ್ಳಾಪುರದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಗ್ಗದ ಮನೆಗೆ ಬಂದ ಹೊಸಬ ಮೊದಲು ಕಂಡಿಕೆ ಸುತ್ತುತ್ತಾನೆ, ಕಡಿದ ಎಳೆಗೆ ಗಂಟು ಹಾಕೋದು ಕಲೀತಾನೆ, ಅನುಭವಸ್ಥರ ಪಕ್ಕ ನಿಂತು ನೋಡ್ತಾನೆ. ಆಮೇಲೆ ಅವನ ಕೈಗೆ ಮಗ್ಗ. ರೇಷ್ಮೆ ಸೀರೆ ಕೆಟ್ಟರೆ ಒಬ್ಬ ಮಾಲೀಕನಿಗೆ ನಷ್ಟ. ಕ್ಲಾಸು ಕೆಟ್ಟರೆ?

ಇದು ಗೊತ್ತಿಲ್ಲದ ಸಂಗತಿಯೇನಲ್ಲ. ಹೊಸ ಅಧ್ಯಾಪಕರಿಗೆ ಹಳಬರು ಜೊತೆಗಿದ್ದು ದಾರಿ ತೋರಿಸಬೇಕು ಎಂದು ಕೊಠಾರಿ ಆಯೋಗ 1966ರಲ್ಲೇ ಹೇಳಿತ್ತು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಬೆನ್ನಿಗೇ ಯುಜಿಸಿ ಅಕಾಡೆಮಿಕ್ ಸ್ಟಾಫ್ ಕಾಲೇಜುಗಳನ್ನು ತೆರೆಯಿತು. ಬೆಂಗಳೂರು ವಿಶ್ವವಿದ್ಯಾಲಯಕ್ಕೂ ಒಂದು ಬಂತು. ಹೆಸರು ಎರಡು ಸಲ ಬದಲಾಗಿ, 2023ರಿಂದ ಮಾಳವೀಯ ಮಿಷನ್ ತರಬೇತಿ ಕೇಂದ್ರ ಎಂದಾಗಿದೆ. ಅಲ್ಲಿ ಒಳ್ಳೆಯ ಉಪನ್ಯಾಸಗಳು ನಡೆಯುತ್ತವೆ, ಸರಿ. ಆದರೆ ಕಾಯಂ ಅಧ್ಯಾಪಕರು ಅಲ್ಲಿಗೆ ಹೋಗುವುದು ಬಹಳ ಮಟ್ಟಿಗೆ ಬಡ್ತಿಗೆ ಸರ್ಟಿಫಿಕೇಟು ಬೇಕು ಅಂತ. ಬಡ್ತಿಯೇ ಇಲ್ಲದ ಅತಿಥಿ ಉಪನ್ಯಾಸಕರು ಏನು ಮಾಡಬೇಕು?

ಈ ಪ್ರಶ್ನೆ ಸಣ್ಣದಲ್ಲ. ರಾಜ್ಯದ ನಾನೂರಕ್ಕೂ ಹೆಚ್ಚು ಸರ್ಕಾರಿ ಪದವಿ ಕಾಲೇಜುಗಳಲ್ಲಿ 2023–24ರ ಹೊತ್ತಿಗೆ ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರಿದ್ದರು. ತಾಲ್ಲೂಕು ಕಾಲೇಜುಗಳಲ್ಲಿ ಬಹುಪಾಲು ಪಾಠ ಇವರ ಹೆಗಲ ಮೇಲೆಯೇ. ಇವರ ನೇಮಕ ವರ್ಷ ವರ್ಷವೂ ಹೊಸದು. ಈ ವರ್ಷ ದೇವನಹಳ್ಳಿ, ಮುಂದಿನ ವರ್ಷ ಎಲ್ಲೋ! ಅವರು ಹೋದರೆ ಅವರು ಕಂಡುಕೊಂಡ ಉಪಾಯವೂ ಅವರ ಜೊತೆಗೇ ಹೋಯಿತು. ಮುಂದೆ ಬಂದವರು ಮತ್ತೆ ಮೊದಲಿಂದ ಎಡವಬೇಕು. ಸಾಲದ್ದಕ್ಕೆ ಪಠ್ಯಕ್ರಮ ಬೇರೆ 2021–22ರಲ್ಲಿ ಒಂದು ಸಲ, 2024–25ರಲ್ಲಿ ಇನ್ನೊಂದು ಸಲ ಬದಲಾಯಿತು. ನಾಲ್ಕು ವರ್ಷದ ಡಿಗ್ರಿ ಅಂದರು, ತಿರುಗಿ ಮೂರು ವರ್ಷಕ್ಕೇ ಬಂದರು. ನಡುವೆ ಸಿಕ್ಕಿ ಒದ್ದಾಡಿದವರು ಮೇಷ್ಟ್ರು, ಅವರ ಜೊತೆಗೆ ಹುಡುಗರು.

ಹೇಳಿಕೊಡದಿದ್ದರೆ ನಷ್ಟ ಎಷ್ಟು?

ಪಾಠದ ಮಾತು ಹಾಗಿರಲಿ, ಹೊಟ್ಟೆಪಾಡಿನ ಮಾತಿಗೆ ಬರೋಣ. 2023ರ ನವೆಂಬರಿನಲ್ಲಿ ಶುರುವಾದ ಮುಷ್ಕರದ ನಂತರ, 2024ರ ಜನವರಿಯಲ್ಲಿ ಸರ್ಕಾರ ಗೌರವಧನ ಏರಿಸಿತು. ಐದು ವರ್ಷಕ್ಕಿಂತ ಕಡಿಮೆ ಸೇವೆಗೆ ತಿಂಗಳಿಗೆ 5,000 ರೂಪಾಯಿ, ಐದರಿಂದ ಹತ್ತು ವರ್ಷಕ್ಕೆ 6,000, ಹತ್ತರಿಂದ ಹದಿನೈದಕ್ಕೆ 7,000, ಅದಕ್ಕೂ ಮೇಲ್ಪಟ್ಟು 8,000. ಅಂದರೆ ಎಷ್ಟು ವರ್ಷ ದುಡಿದಿದ್ದೀರಿ ಎಂಬ ಕಾಗದವೇ ದುಡ್ಡು! ವರ್ಷ ವರ್ಷ ಕಾಲೇಜು ಬಿಡುವಾಗ ಪ್ರಿನ್ಸಿಪಾಲರ ಸಹಿ ಹಾಕಿಸಿ ಸೇವಾ ಪ್ರಮಾಣಪತ್ರ ಇಟ್ಟುಕೊಂಡವರು ಜಾಣರು. 'ಆಮೇಲೆ ತಗೊಂಡ್ರಾಯ್ತು' ಎಂದವರು ಹಳೇ ಕಾಲೇಜುಗಳ ಬಾಗಿಲು ತಟ್ಟಬೇಕು. ಮೊದಲ ವರ್ಷವೇ ಒಬ್ಬ ಹಿರಿಯರು ಈ ಒಂದು ಮಾತು ಹೇಳಿದ್ದರೆ ಸಾಕಿತ್ತು.

ಇನ್ನು ಅರ್ಹತೆ. ಯುಜಿಸಿಯ 2018ರ ನಿಯಮದ ಪ್ರಕಾರ ಸಹಾಯಕ ಪ್ರಾಧ್ಯಾಪಕರಾಗಲು ಎಂ.ಎ., ಎಂ.ಕಾಂ. ಜೊತೆಗೆ ನೆಟ್, ಸೆಟ್ ಅಥವಾ ಪಿಎಚ್.ಡಿ. ಬೇಕು. ಕೆ-ಸೆಟ್‌ನಲ್ಲಿ ಎರಡು ಪತ್ರಿಕೆ. ಮೊದಲನೆಯದು 50 ಪ್ರಶ್ನೆ, 100 ಅಂಕ. ಎರಡನೆಯದು 100 ಪ್ರಶ್ನೆ, 200 ಅಂಕ. ತಪ್ಪು ಉತ್ತರಕ್ಕೆ ಅಂಕ ಕಳೆಯೋದಿಲ್ಲ. ಮೊದಲ ಪತ್ರಿಕೆ ಕನ್ನಡದವರಿಗೂ ಕಾಮರ್ಸಿನವರಿಗೂ ಇತಿಹಾಸದವರಿಗೂ ಒಂದೇ. ಅದರಲ್ಲಿ ಬೋಧನೆಯ ಬಗ್ಗೆಯೂ ಕೇಳ್ತಾರೆ! ಒಂದು ಸ್ಟಾಫ್ ರೂಮಿನಲ್ಲಿ ಆರು ಜನ ವಾರಕ್ಕೊಂದು ಗಂಟೆ ಕೂತರೆ ಒಟ್ಟಿಗೇ ತಯಾರಾಗಬಹುದು. ಈಗ ಆರು ಜನವೂ ಬೇರೆ ಬೇರೆ ದುಡ್ಡು ಕಟ್ಟಿ ಕೋಚಿಂಗ್ ಹುಡುಕುತ್ತಾರೆ.

ದುಡ್ಡು ಕೊಟ್ಟರೆ ಲೇಖನ ಅಚ್ಚು ಹಾಕುವ ನಕಲಿ ಜರ್ನಲುಗಳ ದಂಧೆ ಇನ್ನೊಂದು. ಪಿಎಚ್.ಡಿ. ಪ್ರಬಂಧ ಸಲ್ಲಿಸುವ ಮುಂಚೆ ಲೇಖನ ಪ್ರಕಟವಾಗಿರಲೇಬೇಕೆಂಬ ಷರತ್ತನ್ನು ಯುಜಿಸಿ 2022ರಲ್ಲೇ ಕೈಬಿಟ್ಟಿದೆ. ನಿಮ್ಮ ವಿಶ್ವವಿದ್ಯಾಲಯದ ನಿಯಮ ಏನಿದೆ ಎಂದು ಮೊದಲು ನೋಡಿ, ಆಮೇಲೆ ಜೇಬಿಗೆ ಕೈ ಹಾಕಿ ಎಂದು ಹೇಳುವವರಿಲ್ಲದೆ ಎಷ್ಟು ಗೌರವಧನ ಹೀಗೆ ಪೋಲಾಗುತ್ತಿದೆಯೋ!

ಯಾಕೆ ಹೇಳಿಕೊಡೋದಿಲ್ಲ?

ಕಾರಣ ಇದೆ. ಅತಿಥಿ ಉಪನ್ಯಾಸಕರಿಗೆ ಪಕ್ಕದವರೇ ಪ್ರತಿಸ್ಪರ್ಧಿ. ಇರುವ ಕ್ಲಾಸುಗಳನ್ನೇ ಹಂಚಿಕೊಳ್ಳಬೇಕು. ವರ್ಗವಾಗಿ ಕಾಯಂ ಉಪನ್ಯಾಸಕರೊಬ್ಬರು ಬಂದರೆ ಒಬ್ಬರ ಅನ್ನಕ್ಕೆ ಕುತ್ತು. ಇಂಥಾ ಕಡೆ 'ನನ್ನ ಗುಟ್ಟು ನಾನ್ಯಾಕೆ ಹೇಳಲಿ' ಅನ್ನುವುದು ಮನುಷ್ಯ ಸಹಜ. ಅದಕ್ಕೇ ಮೊದಲ ಹೆಜ್ಜೆ ಇಡಬೇಕಾದವರು ಕಾಯಂ ಉಪನ್ಯಾಸಕರು. ಕಳೆದುಕೊಳ್ಳೋದು ಅವರಿಗೆ ಏನೂ ಇಲ್ಲ. ಒಂದೇ ಸ್ಟಾಫ್ ರೂಮಿನಲ್ಲಿ ಕಾಯಂನವರ ಟೇಬಲ್ಲು ಬೇರೆ, ಅತಿಥಿಗಳ ಬೆಂಚು ಬೇರೆ ಎಂಬ ಪದ್ಧತಿ ಇದ್ದಲ್ಲಿ ಅದು ಮೊದಲು ತೊಲಗಲಿ.

ಪ್ರಾಥಮಿಕ ಶಾಲೆಯ ಮೇಷ್ಟ್ರುಗಳನ್ನು ನೋಡಿ. ಅವರಿಗೆ ಕ್ಲಸ್ಟರ್ ಅಂತ ಒಂದಿದೆ. ಸುತ್ತಮುತ್ತಲ ಶಾಲೆಯವರು ಸೇರಿ ಸಮಾಲೋಚನಾ ಸಭೆ ಮಾಡುತ್ತಾರೆ. ಹಳ್ಳಿ ಶಾಲೆಗೆ ಇರುವ ವ್ಯವಸ್ಥೆ ಡಿಗ್ರಿ ಕಾಲೇಜಿಗೆ ಬೇಡವೇ?

ನಮ್ಮ ಜಿಲ್ಲೆಯಲ್ಲಿ ಇದು ಕಷ್ಟವಲ್ಲ. ಬೆಂಗಳೂರು ವಿಶ್ವವಿದ್ಯಾಲಯ ಒಡೆದು ಮೂರಾದ ಮೇಲೆ ದೇವನಹಳ್ಳಿ, ಹೊಸಕೋಟೆ ಕಡೆಯ ಕಾಲೇಜುಗಳು ಕೋಲಾರದ ಬೆಂಗಳೂರು ಉತ್ತರ ವಿಶ್ವವಿದ್ಯಾಲಯದ ಪಾಲಿಗೆ ಹೋದವು, ನಿಜ. ಆದರೆ ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರ, ದೇವನಹಳ್ಳಿ ದಾಟಿ ಹೊಸಕೋಟೆವರೆಗೆ ಈಗ ಒಂದೇ ಹೆದ್ದಾರಿ ನಾಲ್ಕೂ ತಾಲ್ಲೂಕನ್ನು ಮುಟ್ಟುತ್ತದೆ. ವಿಶ್ವವಿದ್ಯಾಲಯ ಬೇರೆಯಾದರೇನು, ಹುಡುಗರ ಕಷ್ಟ ಬೇರೆಯೇ?

ಆಗಬೇಕಾದ್ದು ಇಷ್ಟು. ತಿಂಗಳಿಗೊಂದು ಶನಿವಾರ ಮಧ್ಯಾಹ್ನ ಎರಡು ಗಂಟೆ ಕಾಲ ಒಂದು ತಾಲ್ಲೂಕಿನ ಕಾಲೇಜಿನಲ್ಲಿ ಸೇರಲಿ. ಮುಂದಿನ ತಿಂಗಳು ಇನ್ನೊಂದು ತಾಲ್ಲೂಕು. ಹಾರ, ಶಾಲು, ಉದ್ಘಾಟನೆ ಏನೂ ಬೇಡ. ಸುತ್ತೋಲೆ ಓದುವ ಸಭೆಯೂ ಆಗಬಾರದು. ಮೊದಲ ಗಂಟೆ ಪಾಠದ ಮಾತು: ಬಸ್ಸು ತಡವಾಗಿ ಬರುವ ಹುಡುಗರಿಗೆ ಮೊದಲ ಪೀರಿಯಡ್ ಹೇಗೆ ತೆಗೆಯಬೇಕು, ಬಾಯಿ ಬಿಡದ ಹಿಂದಿನ ಬೆಂಚನ್ನು ಹೇಗೆ ಮಾತಾಡಿಸಬೇಕು, ಇಂಗ್ಲಿಷ್ ಪುಸ್ತಕವನ್ನು ಕನ್ನಡ ಮೀಡಿಯಂ ತಲೆಗೆ ಹೇಗೆ ಮುಟ್ಟಿಸಬೇಕು. ಎರಡನೇ ಗಂಟೆ ಕೆಲಸದ ಮಾತು: ಸೆಟ್, ಪಿಎಚ್.ಡಿ., ಸೇವಾ ಪತ್ರ, ಕಂಪ್ಯೂಟರಿಗೆ ಅಂಕ ತುಂಬುವುದು. ಹೇಳಿದ್ದನ್ನೆಲ್ಲ ಒಂದು ದಪ್ಪ ನೋಟ್‌ಬುಕ್ಕಿನಲ್ಲಿ ಬರೆದಿಡಲಿ. ಮೇಷ್ಟ್ರು ಹೋದರೂ ಪುಸ್ತಕ ಕಾಲೇಜಿನಲ್ಲೇ ಇರುತ್ತದೆ. ಅತಿಥಿ ಉಪನ್ಯಾಸಕರಿಗೆ ಈ ಎರಡು ಗಂಟೆಯನ್ನು ಕೆಲಸದ ಅವಧಿಗೇ ಸೇರಿಸಿ ಕಾಲೇಜು ಶಿಕ್ಷಣ ಇಲಾಖೆ ಆದೇಶ ಮಾಡಲಿ. ಬಿಟ್ಟಿ ಬನ್ನಿ ಅಂದರೆ ಯಾರು ಬರ್ತಾರೆ?

ಇದಕ್ಕೆ ಕಟ್ಟಡ ಬೇಡ, ಬಜೆಟ್ಟು ಬೇಡ. ನಾಲ್ಕು ತಾಲ್ಲೂಕಿನ ಪ್ರಿನ್ಸಿಪಾಲರು ಫೋನಿನಲ್ಲಿ ಮಾತಾಡಿಕೊಂಡರೆ ಮುಂದಿನ ಸೆಮಿಸ್ಟರಿಗೇ ಶುರುವಾಗುತ್ತದೆ. 2023ರ ಜೂನ್‌ನಿಂದ ಬಸ್ಸು ಉಚಿತವಾಗಿ, ಹಳ್ಳಿ ಹೆಣ್ಣುಮಕ್ಕಳಿಗೆ ಕಾಲೇಜಿನ ಗೇಟಿನವರೆಗೆ ಬರುವ ಖರ್ಚು ತಪ್ಪಿದೆ. ಗೇಟಿನ ಒಳಗೆ ಏನು ಸಿಗುತ್ತದೆ ಅನ್ನೋದು ಮೇಷ್ಟ್ರ ಕೈಲಿದೆ. ಅಂಗಡಿಯಲ್ಲಿ ಕೂತು ಫೀಸು ಕಟ್ಟುವ ಅಪ್ಪ ಅಮ್ಮಂದಿರೂ ಸುಮ್ಮನಿರಬಾರದು. ಮಗನ ಅಂಕ ಎಷ್ಟು ಬಂತು ಅಂತ ಕೇಳುವ ಜೊತೆಗೆ ಇನ್ನೊಂದು ಮಾತನ್ನೂ ಕೇಳಲಿ: 'ಸಾರ್, ಈ ತಿಂಗಳು ನೀವೆಲ್ಲ ಒಟ್ಟಿಗೆ ಕೂತ್ಕೊಂಡ್ರಾ?'